ಪದ ಬೇಕು (ಅರ್ಜೆಂಟ್): ‘ಅನ್ಯಭಾಷೆ’ ಅಂತ ಬರೆದರೆ ನಮ್ಮವರೇ ಎದ್ದು ಹೋಗ್ತಾರೆ

ಪಿಂಪ್ರಿಯಿಂದ, ಬೆಳಿಗ್ಗೆ 9.40

ಗುಂಪಿನ ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಪುಣೆ ಪಕ್ಕದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕನ್ನಡ, ಮರಾಠಿ ಡಿಟಿಪಿ ಮಾಡುವವಳು. ಸಂಜೆ ಆರರೊಳಗೆ ಒಂದು ಬೋರ್ಡು ಮಷಿನ್ನಿಗೆ ಹೋಗಬೇಕು. ಕ್ರೈಸ್ತರ ಒಂದು ಪ್ರಾರ್ಥನಾ ಕೂಟದವರದು. ಮರಾಠಿ, ಹಿಂದಿ ಆಗಿದೆ, ಕನ್ನಡ ಬಾಕಿ. ಕೂಟಕ್ಕೆ ಬರುವವರಲ್ಲಿ ಯಾದಗಿರಿ, ಕಲಬುರಗಿ ಕಡೆಯ ಕಟ್ಟಡ ಕೆಲಸದವರೇ ಬಹಳ. ಪಾಸ್ಟರ್ ಮಲಯಾಳಿ.

ಒಕ್ಕಣೆಯ ತಾತ್ಪರ್ಯ ಇಷ್ಟು: ಪವಿತ್ರಾತ್ಮ ತುಂಬಿ, ಕೇಳುವವರಿಗೆ ತಿಳಿಯದ ಮಾತಿನಲ್ಲಿ ಪ್ರಾರ್ಥಿಸುವವರು, ಅದರ ಅರ್ಥ ಹೇಳುವವರು ಇಲ್ಲದಿದ್ದರೆ ಮೈಕ್ ತಗೋಬೇಡಿ, ಕೂತಲ್ಲೇ ಮೆಲ್ಲಗೆ ಮಾಡಿ. ಕೆಳಗೆ ಇನ್ನೊಂದು ಸಾಲು: ದೇವರು ನೋಡೋದು ತೋರಿಕೆಯನ್ನಲ್ಲ, ‘ಸಿನ್ಸಿಯಾರಿಟಿ’ಯನ್ನ.

ಪಾಸ್ಟರ್ ‘ಅನ್ಯಭಾಷೆ’ ಅಂತಲೇ ಹಾಕು ಅಂದರು. ಮಲಯಾಳದಲ್ಲಿ ಅದೇ ಪದ, ನಮ್ಮ ಪೆಂತೆಕೊಸ್ತು ಪಂಗಡದವರೂ ಹಾಗೇ ಅನ್ನೋದು. ಸರಿ ಅಂತ ಟೈಪ್ ಮಾಡಿದೆ: ‘ಅನ್ಯಭಾಷೆಯಲ್ಲಿ ಮಾತನಾಡುವವರು ಮೈಕ್ ತೆಗೆದುಕೊಳ್ಳಬಾರದು.’ ಪುಣೆಯಲ್ಲಿ ನಿಂತು ಓದಿ ನೋಡಿ. ಇಲ್ಲಿ ಅನ್ಯಭಾಷಿಕರು ಅಂದ್ರೆ ಯಾರು? ನಾವೇ. ಅಂಗಡಿಯಲ್ಲಿ ಐಲೆಟ್ ಹೊಡೆಯೋ ಸೇಡಂ ಹುಡುಗ ಪ್ರೂಫ್ ನೋಡಿದವನೇ, ‘ಅಕ್ಕಾ, ಕನ್ನಡದಾಗ ಪ್ರಾರ್ಥನಾ ಮಾಡಬ್ಯಾಡ್ರಿ ಅಂತ ಬರ್ದಾರೇನ್ರಿ?’ ಅಂದ.

ಎರಡು ಪದ ಬೇಕು: ‘ಅನ್ಯಭಾಷೆ’ಗೊಂದು, ‘ಸಿನ್ಸಿಯಾರಿಟಿ’ಗೊಂದು. ದಯವಿಟ್ಟು ಇವತ್ತೇ.

ಡೊಂಬಿವಲಿಯಿಂದ, 10.15

ಅಮ್ಮಾ, ಇದಕ್ಕೆ ತಲೆ ಕೆಡಿಸಿಕೊಳ್ಳುವುದೇನಿದೆ? ಸತ್ಯವೇದವನ್ನೇ (ಬೈಬಲನ್ನು) ತೆರೆದು ನೋಡಬಾರದೆ? ಹಳೆಯ ಅನುವಾದದಲ್ಲಿ ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 12, 14ನೆಯ ಅಧ್ಯಾಯಗಳಲ್ಲಿ ‘ವಾಣಿ’ ಎಂದಿದೆ. ‘ವಾಣಿಯನ್ನಾಡುವವರು’ ಎಂದು ಹಾಕಿ. ಗಂಭೀರವಾಗಿದೆ, ಶುದ್ಧವಾಗಿದೆ.

ಇಂಗ್ಲಿಷಿನಲ್ಲಿರುವುದನ್ನು ಹಾಗೇ ಎತ್ತಿ ‘ನಾಲಗೆಗಳಲ್ಲಿ ಮಾತಾಡುವುದು’ ಎಂದು ಮಾತ್ರ ಮಾಡಬೇಡಿ. ಕಳೆದ ವಾರ ಯಾವುದೋ ಪತ್ರಿಕೆಯಲ್ಲಿ ಅದನ್ನು ನೋಡಿ ಚಹಾ ಚೆಲ್ಲಿಕೊಂಡೆ. ಗ್ರೀಕಿನ ‘ಗ್ಲೋಸ್ಸಾ’ಕ್ಕೆ ನಾಲಗೆ ಎಂದೂ ಭಾಷೆ ಎಂದೂ ಎರಡರ್ಥ. ಕನ್ನಡದ ನಾಲಗೆಗೆ ಆ ಎರಡನೆಯ ಅರ್ಥವಿಲ್ಲ. ನಮ್ಮಲ್ಲಿ ಎರಡು ನಾಲಗೆ ಇರುವುದು ಹಾವಿಗೆ, ಇಲ್ಲವೆ ಸಾಲ ತೆಗೆದುಕೊಂಡವನಿಗೆ.

ಹಿಂಜೆವಾಡಿಯಿಂದ, 10.32

‘ವಾಣಿ’ಯೂ ಸಂಸ್ಕ್ರುತ, ‘ಬಾಶೆ’ಯೂ ಸಂಸ್ಕ್ರುತ (ಮಹಾಪ್ರಾಣ, ಋ, ಷ ನಾನು ಬರೆಯುವುದಿಲ್ಲ). ಕನ್ನಡದಲ್ಲಿ ‘ನುಡಿ’ ಇರುವಾಗ ಬೇರೆಯವರ ಮನೆಗೆ ಯಾಕೆ ಹೋಗಬೇಕು? ‘ಪೆರನುಡಿ’. ಹಳೆಗನ್ನಡದಲ್ಲಿ ‘ಪೆರ’ ಎಂದರೆ ಬೇರೆ. ‘ಪೆರನುಡಿಯಲ್ಲಿ ಬೇಡಿಕೊಳ್ಳುವವರು.’ ಮುಗಿಯಿತು.

ಡೊಂಬಿವಲಿಯಿಂದ, 10.41

‘ಪೆರ’ ಅಲ್ಲ, ‘ಪೆಱ’. ಶಕಟರೇಫ. ಹಳಗನ್ನಡ ಎತ್ತುವವರು ಅಕ್ಷರ ನೋಡಿಕೊಂಡು ಎತ್ತಲಿ.

ಪಿಂಪ್ರಿಯಿಂದ, 11.05

ಇಬ್ಬರಿಗೂ ಧನ್ಯವಾದ. ‘ಪೆರನುಡಿ’ ಅಂದ್ರೆ ನಮ್ಮ ಹುಡುಗ ಪೇರು ಹಣ್ಣಿನ ಬಗ್ಗೆ ಅಂತ ತಿಳಕೊಂಡ. ‘ವಾಣಿ’ ಅಂದ್ರೆ ಇಲ್ಲಿ ಕಿರಾಣಿ ಅಂಗಡಿಯವನು, ಹದಿನೈದು ವರ್ಷ ಪುಣೆಯಲ್ಲಿರೋರ ಕಿವಿಗೆ ಮೊದಲು ಅದೇ ಬೀಳೋದು. ಬೋರ್ಡು ಓದೋರು ಸೆಂಟ್ರಿಂಗ್ ಕೆಲಸದಿಂದ ನೇರ ಬಂದವರು, ಕನ್ನಡ ಎಂ.ಎ. ಮಾಡಿದವರಲ್ಲ. ಬೇರೆ ಏನಾದರೂ?

ವಸೈಯಿಂದ, 11.50

ನಾನು ಕಥೊಲಿಕಳು, ಮನೆಮಾತು ಕೊಂಕಣಿ, ಓದಿದ್ದು ಕನ್ನಡ. ನಮ್ಮಲ್ಲೂ ಇದು ಇದೆ, ಪೆಂತೆಕೊಸ್ತಿನವರದು ಮಾತ್ರ ಅಂತ ತಿಳಿಯಬೇಡಿ. 1967ರಲ್ಲಿ ಅಮೆರಿಕದ ಡುಕೇನ್ ವಿಶ್ವವಿದ್ಯಾಲಯದ ಕೆಲವು ಕಥೊಲಿಕರಿಂದ ಶುರುವಾದ, ಪವಿತ್ರಾತ್ಮದ ವರಗಳಿಗೆ ಒತ್ತು ಕೊಡುವ ಕರಿಸ್ಮಾಟಿಕ್ ಚಳವಳಿ ಮುಂಬಯಿಗೂ ಬಂತು. ಧ್ಯಾನಕೂಟದಲ್ಲಿ ಐನೂರು ಜನ ಒಟ್ಟಿಗೆ ಹಾಗೆ ಪ್ರಾರ್ಥಿಸುವುದನ್ನು ಕೇಳಿದರೆ ಮಳೆ ಬಂದ ಹಾಗಿರುತ್ತದೆ. ತಮಿಳು ಬೈಬಲಿನ ಹೊಸ ಅನುವಾದದಲ್ಲಿ ‘ಪರವಸಪ್ಪೇಚ್ಚು’ ಅಂತ ಮಾಡಿದ್ದಾರೆ. ‘ಪರವಶ ನುಡಿ’ ಚೆನ್ನಾಗಿಲ್ಲವಾ?

ಸಿನ್ಸಿಯರ್ ಅನ್ನುವುದು ಲ್ಯಾಟಿನ್‌ನಿಂದ ಬಂದದ್ದು. ಮೇಣವಿಲ್ಲದ್ದು ಅಂತ ಅರ್ಥ. ಶಿಲ್ಪಿಗಳು ಕಲ್ಲಿನ ಬಿರುಕಿಗೆ ಮೇಣ ತುಂಬಿ ಮಾರುತ್ತಿದ್ದರಂತೆ.

ಡೊಂಬಿವಲಿಯಿಂದ, 12.10

ಮೇಣದ ಕಥೆ ಸುಳ್ಳು. ಲ್ಯಾಟಿನ್ನಿನಲ್ಲಿ ಆ ಪದಕ್ಕೆ ಶುದ್ಧ, ಬೆರಕೆಯಿಲ್ಲದ ಎಂದಷ್ಟೇ ಅರ್ಥ. ಆಮೇಲೆ ಯಾರೋ ಕಟ್ಟಿದ ಕಥೆ ಪ್ರವಚನಗಳಲ್ಲಿ ಓಡಾಡಿಕೊಂಡಿದೆ.

‘ಪರವಶ’ ಒಪ್ಪಲಾರೆ. ಪರವಶ ಎಂದರೆ ಸ್ವಂತ ಬುದ್ಧಿ ತನ್ನ ಕೈಯಲ್ಲಿಲ್ಲ ಎಂದು. ನಮ್ಮ ಉಡುಪಿ ಕಡೆ ದರ್ಶನ ಬಂದಾಗ ಹಾಗಾಗುತ್ತದೆ, ದೈವ ಮೈಮೇಲೆ ಬಂದು ನುಡಿ ಕೊಡುತ್ತದೆ. ಆದರೆ ಕೊರಿಂಥದವರಿಗೆ ಆ ಪತ್ರಿಕೆ ಬರೆದ ಪೌಲ ‘ನಿಮ್ಮಲ್ಲಿ ಇಬ್ಬರು, ಹೆಚ್ಚೆಂದರೆ ಮೂವರು, ಒಬ್ಬರಾದ ಮೇಲೆ ಒಬ್ಬರು, ಅರ್ಥ ಹೇಳುವವನಿಲ್ಲದಿದ್ದರೆ ಸುಮ್ಮನಿರಿ’ ಎಂದು ಕಟ್ಟು ಮಾಡುತ್ತಾನೆ. ಪರವಶನಾದವನಿಗೆ ಸರದಿ ಹೇಳಲಾದೀತೆ? ಸರದಿಯಲ್ಲಿ ನಿಲ್ಲಬಲ್ಲವನು ಪರವಶನಲ್ಲ. ತಮಿಳರು ಮಾಡಿದರು ಎಂದ ಮಾತ್ರಕ್ಕೆ ಸರಿಯಾಗಲಿಲ್ಲ.

ವಾಸ್ಕೊದಿಂದ, 12.45

ಡೊಂಬಿವಲಿ ಮೇಷ್ಟ್ರು ಹೇಳಿದ್ದರಲ್ಲಿ ಅರ್ಧ ಸರಿ. ನಾನು ಬೀದರ ಕಡೆಯ ಮೆಥೊಡಿಸ್ಟ್ ಮನೆಯವನು, ಈಗ ಗೋವಾದಲ್ಲಿ ಬಂದರಿನ ಕೆಲಸ. ಚಿಕ್ಕಂದಿನಿಂದ ಪುಸ್ತಕದಲ್ಲಿ ಓದಿದ್ದೇನೆ, ನಮ್ಮ ಗುಡಿಯಲ್ಲಿ (ಚರ್ಚಿನಲ್ಲಿ) ಕೇಳಿದ್ದಿಲ್ಲ. ನಮ್ಮ ಪಾದ್ರಿ ಅಯ್ಯನವರು ಇದನ್ನು ಕಂಡರೆ ಮುಖ ಗಂಟಿಕ್ಕುತ್ತಿದ್ದರು. ಕೇಳಿದ್ದು ಇಲ್ಲಿಗೆ ಬಂದ ಮೇಲೆ, ಝುವಾರಿನಗರದ ಕೂಟಗಳಲ್ಲಿ.

ನೀವೆಲ್ಲ ಎರಡು ಸಂಗತಿಗಳನ್ನು ಒಂದೇ ಹಗ್ಗಕ್ಕೆ ಕಟ್ಟುತ್ತಿದ್ದೀರಿ. ಅಪೊಸ್ತಲರ ಕೃತ್ಯಗಳ 2ನೇ ಅಧ್ಯಾಯದಲ್ಲಿ ಪಂಚಾಶತ್ತಮ ಹಬ್ಬದ ದಿನ ಯೇಸುವಿನ ಶಿಷ್ಯರು ಆಡಿದ್ದು ಜನರಿಗೆ ಅರ್ಥವಾಯಿತು. ಪಾರ್ಥದವರು, ಮೇದ್ಯದವರು, ಐಗುಪ್ತದವರು, ಒಬ್ಬೊಬ್ಬರೂ ತಮ್ಮ ತಮ್ಮ ಹುಟ್ಟುಭಾಷೆ ಕೇಳಿದರು. ಅಲ್ಲಿ ‘ಗ್ಲೋಸ್ಸಾ’ದ ಜೊತೆಗೆ ‘ದಿಯಾಲೆಕ್ಟೋಸ್’ (ಆಡುಭಾಷೆ) ಅನ್ನೋ ಪದವೂ ಇದೆ. ಅದು ನಿಜಕ್ಕೂ ಅನ್ಯಭಾಷೆ. ಆದರೂ ನಕ್ಕವರಿದ್ದರು, ಕುಡಿದಿದ್ದಾರೆ ಅಂದರು. ಇನ್ನೂ ಬೆಳಗಿನ ಒಂಬತ್ತು ಗಂಟೆ, ಈಗಲೇ ಎಲ್ಲಿ ಕುಡಿಯೋಣ ಅಂತ ಶಿಷ್ಯರಲ್ಲೊಬ್ಬನಾದ ಪೇತ್ರ ಉತ್ತರ ಕೊಟ್ಟ. ಕೊರಿಂಥದಲ್ಲಿ ಆದದ್ದು ಬೇರೆ. ಅಲ್ಲಿ ಯಾರಿಗೂ ಅರ್ಥವಾಗಲಿಲ್ಲ, ಆಡಿದವನಿಗೂ ಇಲ್ಲ. ಅದಕ್ಕೇ ಪೌಲ, ಸಭೆಯಲ್ಲಿ ಆ ಥರದ ಹತ್ತು ಸಾವಿರ ಮಾತಿಗಿಂತ ತಿಳಿಯುವ ಐದು ಮಾತು ಲೇಸು ಅಂದದ್ದು. ಪಿಂಪ್ರಿ ಅಕ್ಕನ ಬೋರ್ಡು ಕೊರಿಂಥದ ಕಡೆಯದು.

ಅದು ಭಾಷೆಯೇ ಹೌದಾ ಅನ್ನೋದೂ ಇದೆ. ವಿಲಿಯಂ ಸಮರಿನ್ ಎಂಬ ಭಾಷಾವಿಜ್ಞಾನಿ ಧ್ವನಿಮುದ್ರಿಕೆಗಳನ್ನು ಕೂತು ಕೇಳಿ 1972ರಲ್ಲಿ ಬರೆದಿದ್ದಾರೆ: ಉಚ್ಚಾರ, ಏರಿಳಿತ ಎಲ್ಲ ಭಾಷೆಯ ಹಾಗೇ ಇರುತ್ತದೆ, ವ್ಯಾಕರಣ ಇರೋದಿಲ್ಲ, ಶಬ್ದಕ್ಕೂ ಲೋಕದ ವಸ್ತುವಿಗೂ ಗಂಟು ಇರೋದಿಲ್ಲ. ಆಡುವವರು ಮೋಸಗಾರರು ಅಂತಾಗಲಿ, ತಲೆ ಕೆಟ್ಟವರು ಅಂತಾಗಲಿ ಅವರು ಹೇಳಲಿಲ್ಲ.

ಹಿಂಜೆವಾಡಿಯಿಂದ, 1.05

ಹಾಗಾದರೆ ನುಡಿಯೇ ಅಲ್ಲ, ‘ಉಲಿ’ ಎನ್ನಿ. ‘ಮಯ್ಮರೆವುಲಿ’.

ಡೊಂಬಿವಲಿಯಿಂದ, 1.09

ಉಲಿಯುವುದು ಹಕ್ಕಿ. ಅಷ್ಟಕ್ಕಿಂತ ಇದಕ್ಕೆ ವಿದ್ವಾಂಸರು ಬಳಸುವ ‘ಗ್ಲೊಸೊಲಾಲಿಯ’ ಎಂದೇ ಬರೆದುಬಿಡಿ, ಮಗು ಮಲಗಿಸುವ ಕಾರ್ಯಕ್ರಮ ಎಂದುಕೊಂಡು ತಾಯಂದಿರಾದರೂ ಬಂದಾರು.

ಪಿಂಪ್ರಿಯಿಂದ, 2.20

ಊಟಕ್ಕೆ ಹೋಗಿದ್ದೆ. ನಗೋದಕ್ಕೆ ಮುಂಚೆ ಬೋರ್ಡು ಯಾಕೆ ಬಂತು ಅಂತ ಹೇಳ್ತೀನಿ.

ಹೋದ ತಿಂಗಳು ಇವರದೊಂದು ಕೂಟ ರಸ್ತೆಗೆ ತೆರೆದ ಶೆಡ್ಡಿನಲ್ಲಿತ್ತು. ಒಬ್ಬ ಮೈಕ್ ಹಿಡಿದು ಶುರು ಮಾಡಿದವನು ನಲವತ್ತು ನಿಮಿಷ ಬಿಡಲಿಲ್ಲ. ಹೊರಗೆ ಹುಡುಗರು ವಿಡಿಯೊ ಮಾಡಿ, ಹಿಂದೆ ಢೋಲಕಿ ಸೇರಿಸಿ ಹಾಕಿದರು. ಮರುದಿನ ಕೂಲಿಯವರು ಸೇರೋ ಬಿಗಾರಿ ನಾಕಾದಲ್ಲಿ ನಮ್ಮ ಹೆಣ್ಣುಮಕ್ಕಳ ಎದುರಿಗೆ ಅದೇ ಆಟ: ಯಾರೋ ಬಡಬಡ ಅನ್ನೋದು, ಉಳಿದವರು ನಗೋದು. ಪಾಸ್ಟರಿಗೆ ಸಿಟ್ಟು ಬಂದದ್ದು ಹುಡುಗರ ಮೇಲಲ್ಲ, ಮೈಕ್ ಹಿಡಿದವನ ಮೇಲೆ.

ನಮ್ಮ ಚಿಕ್ಕಮ್ಮ ಆ ಕೂಟಕ್ಕೇ ಹೋಗ್ತಾಳೆ. ನಾನು ಹೋಗೋದಿಲ್ಲ, ನನಗೆ ಅದರಲ್ಲಿ ನಂಬಿಕೆಯೂ ಇಲ್ಲ. ಆದರೆ ನಸುಕಿನ ಐದು ಗಂಟೆಗೆ ಅವಳು ರೊಟ್ಟಿ ಬಡಿಯುವಾಗ ತುಟಿ ಅಲ್ಲಾಡ್ತಿರ್ತದೆ. ಹಿಟ್ಟಿನ ಮೇಲೆ ಕೈ ಬೀಳೋ ತಾಳಕ್ಕೆ ಸರಿಯಾಗಿ ಏನೋ ಬರ್ತದೆ, ಕನ್ನಡ ಅಲ್ಲ, ಮರಾಠಿ ಅಲ್ಲ. ಹಂಚಿಗೆ ರೊಟ್ಟಿ ಹಾಕಿದ ಕೂಡಲೇ ನಿಲ್ತದೆ, ‘ಏಳವ್ವಾ, ನೀರು ಹೋಗ್ತಾವ’ ಅಂತ ನನ್ನ ಎಬ್ಬಿಸ್ತಾಳೆ. ಒಮ್ಮೆ ಕೇಳಿದೆ, ಏನಂದಿ ಅಂತ. ‘ನನಗೇನು ಗೊತ್ತು, ಭಾಷೆ ಬಂತು’ ಅಂದಳು. ಭಾಷೆ ಬಂತು, ಅಷ್ಟೇ ಅವಳ ಪದ. ಬೋರ್ಡು ಓದಿ ಅವಳಿಗೆ ‘ನನ್ನನ್ನೇ ಅಂದ್ರು’ ಅನಿಸಬಾರದು, ಮೈಕಿನವನಿಗೆ ಅನಿಸಬೇಕು. ಅಂಥ ಪದ ಬೇಕು.

ವಸೈಯಿಂದ, 2.40

ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು ಅಂತ ಮತ್ತಾಯ 6ರಲ್ಲಿ ಯೇಸುವೇ ಹೇಳಿದ್ದಾರಲ್ಲ, ಬೀದಿ ಚೌಕದಲ್ಲಿ ಜನ ನೋಡಲಿ ಅಂತ ನಿಲ್ಲಬೇಡ ಅಂತ. ಮುಂಬಯಿಯಲ್ಲಿ ಅದೇ ಕಷ್ಟ. ಹತ್ತಕ್ಕೆ ಹತ್ತರ ಖೋಲಿಯಲ್ಲಿ ಬಾಗಿಲು ಮುಚ್ಚಿದರೂ ಆಚೆ ಮನೆಯವರಿಗೆ ಪ್ರತಿ ಅಕ್ಷರ ಕೇಳಿಸುತ್ತದೆ.

ಅಲ್ಲಿ ‘ಕಪಟಿಗಳು’ ಅಂತಿರುವ ಕಡೆ ಗ್ರೀಕಿನಲ್ಲಿರುವ ಪದಕ್ಕೆ ನಾಟಕದ ಪಾತ್ರಧಾರಿ ಅಂತ ಮೂಲಾರ್ಥ. ರೋಮದವರಿಗೆ ಬರೆದ ಪತ್ರದ 12:9ರಲ್ಲಿ ಪ್ರೀತಿ ಕಪಟವಿಲ್ಲದ್ದಾಗಿರಲಿ ಅಂತಿದೆಯಲ್ಲ, ಅಲ್ಲೂ ಅದೇ ಪದ, ಮೊದಲಿಗೆ ‘ಅನ್’ ಸೇರಿಸಿ. ಸಿನ್ಸಿಯರ್‌ಗೆ ‘ವೇಷವಿಲ್ಲದ’ ಅಂತ ಹಾಕಬಹುದಾ?

ಡೊಂಬಿವಲಿಯಿಂದ, 2.58

ಆಗದು. ನಲವತ್ತು ವರ್ಷ ಯಕ್ಷಗಾನ ನೋಡಿದವನು ನಾನು. ವೇಷ ಕಟ್ಟಿದವನು ಸುಳ್ಳುಗಾರನಲ್ಲ. ಚೌಕಿಯಲ್ಲಿ ಗಣಪತಿಗೆ ಕೈಮುಗಿದು ಬಣ್ಣ ಹಚ್ಚುವವನಷ್ಟು ಮನಸ್ಸಿಟ್ಟು ಪ್ರಾರ್ಥಿಸುವವರು ಎಷ್ಟು ಮಂದಿ ಇದ್ದಾರೆ?

‘ಪ್ರಾಮಾಣಿಕತೆ’ಯನ್ನೂ ಹಾಕಬೇಡಿ. ಅದರ ಬೇರು ಪ್ರಮಾಣ, ಅಂದರೆ ಸಾಕ್ಷ್ಯ, ರುಜುವಾತು. ಮೈಕ್ ಹಿಡಿದವನು ಕೊಡಹೊರಟದ್ದೇ ಅದು: ನೋಡಿ, ನನ್ನಲ್ಲಿ ಆತ್ಮ ಇದೆ, ಇಗೋ ರುಜುವಾತು.

ವಾಸ್ಕೊದಿಂದ, 3.15

ಮೇಷ್ಟ್ರೇ, ಅದು ಅವನೊಬ್ಬನ ಹುಚ್ಚಲ್ಲ. 1901ರಲ್ಲಿ ಅಮೆರಿಕದ ಟೊಪೀಕಾದಲ್ಲಿ ಬೋಧಕ ಚಾರ್ಲ್ಸ್ ಪರ್ಹಮ್ ಕಲಿಸಿದ್ದೇ ಅದನ್ನು: ಆತ್ಮದ ದೀಕ್ಷಾಸ್ನಾನ ಆಗಿದೆ ಅನ್ನೋದಕ್ಕೆ ಅನ್ಯಭಾಷೆಯೇ ಗುರುತು. 1906ರಲ್ಲಿ ಲಾಸ್ ಏಂಜಲೀಸ್‌ನ ಅಜುಸಾ ಬೀದಿಯಲ್ಲಿ ವಿಲಿಯಂ ಸೀಮೋರ್ ಕೂಟ ನಡೆಸಿದ ಮೇಲೆ ಲೋಕವೆಲ್ಲ ಹಬ್ಬಿತು. ಗುರುತು ಅಂದ ಮೇಲೆ ತೋರಿಸದೆ ಇರೋದು ಹ್ಯಾಗೆ? ಭಾಷೆ ಬರದವನು ಬಂದವನ ಹಾಗೆ ಮಾಡಬೇಕಾಗ್ತದೆ. ತೋರಿಕೆಯ ಬೀಜ ಅಲ್ಲೇ ಇದೆ.

ಪಿಂಪ್ರಿ ಅಕ್ಕಾ, ನಿಮ್ಮ ಊರಿನ ಹತ್ತಿರವೇ ಕೇಡಗಾಂವ್ ಇದೆ. ಸೊಲ್ಲಾಪುರದ ಕಡೆ ಹೋಗುವಾಗ ದೌಂಡ್‌ಗಿಂತ ಮೊದಲು ಸಿಗ್ತದಲ್ಲ, ಅದೇ. ಪಂಡಿತಾ ರಮಾಬಾಯಿಯವರು ಹೆಣ್ಣುಮಕ್ಕಳ ಆಶ್ರಯಕ್ಕೆ ಕಟ್ಟಿದ ಮುಕ್ತಿ ಮಿಷನ್ ಅಲ್ಲಿದೆ. 1905ರಲ್ಲಿ ಅಲ್ಲಿನ ಹೆಣ್ಣುಮಕ್ಕಳ ನಡುವೆ ದೊಡ್ಡ ಪ್ರಾರ್ಥನೆಯ ಅಲೆ ಎದ್ದಿತು, ಮುಂದೆ ಅನ್ಯಭಾಷೆಯೂ ಬಂತು. ಇಂಗ್ಲಿಷ್ ಬಾರದ ಹುಡುಗಿ ಇಂಗ್ಲಿಷಿನಲ್ಲಿ ಪ್ರಾರ್ಥಿಸಿದಳು ಅಂತ ಆಗ ಬರೆದಿಟ್ಟವರಿದ್ದಾರೆ. ರಮಾಬಾಯಿ ಆ ಹುಡುಗಿಯರನ್ನು ತಡೆಯಲಿಲ್ಲ.

ಹಿಂಜೆವಾಡಿಯಿಂದ, 3.30

ರಮಾಬಾಯಿ ಹುಟ್ಟಿದ್ದು ನಮ್ಮ ಪಶ್ಚಿಮ ಗಟ್ಟದ ಗಂಗಾಮೂಲದಲ್ಲಿ, 1858ರಲ್ಲಿ. ಸಂಸ್ಕ್ರುತವನ್ನು ಅರೆದು ಕುಡಿದವರು, ಕಲ್ಕತ್ತದ ಪಂಡಿತರೇ ‘ಸರಸ್ವತಿ’ ಎಂದು ಕರೆದರು. ಅಂತವರು ಮರಾಟಿಗೆ ಬಯ್ಬಲ್ ತರುವಾಗ ಸಂಸ್ಕ್ರುತದ ಬಾರ ಇಳಿಸಿ ಸುಳುವಾದ ಮರಾಟಿ ಬಳಸಿದರು. ನಾವು ಕಲಿಯುವುದಿಲ್ಲ.

ಡೊಂಬಿವಲಿಯಿಂದ, 3.36

ಸುಳುವಾದ ಮರಾಠಿ ಎಂದರೆ ಜನ ಆಡುವ ಮರಾಠಿ, ಸ್ವಾಮಿ. ಅಟ್ಟದಿಂದ ಇಳಿಸಿ ಧೂಳು ಕೊಡವಿದ ಪೆಱನುಡಿಯಲ್ಲ. ಮತ್ತು ನೀವು ‘ಪಶ್ಚಿಮ’ ಎಂದು ಬರೆದಿದ್ದೀರಿ. ‘ಪಡುವಣ’ ಮರೆತುಹೋಯಿತೆ?

ಹಿಂಜೆವಾಡಿಯಿಂದ, 3.38

ಬೆರಳು ಜಾರಿತು.

ವಾಸ್ಕೊದಿಂದ, 3.50

ಸಾಕು. ಅಕ್ಕಾ, ‘ಅನ್ಯಭಾಷೆ’ಯನ್ನು ಬಿಡಬೇಡಿ. ಜನ ಅದನ್ನೇ ಅನ್ನುವಾಗ ನಾವು ಕಂಪ್ಯೂಟರ್ ಮುಂದೆ ಕೂತು ಹೊಸದು ಹುಟ್ಟಿಸೋದು ಬೇಡ. ಮುಂದೆ ‘ವರ’ ಸೇರಿಸಿ. ‘ಅನ್ಯಭಾಷೆಯ ವರ ಪಡೆದವರು.’ ಸತ್ಯವೇದದಲ್ಲೂ ಅದು ವರವೇ. ಕನ್ನಡ ಮಾತಾಡೋದನ್ನು ಪುಣೆಯಲ್ಲಿ ಯಾರೂ ವರ ಅಂತ ತಿಳಿಯೋದಿಲ್ಲ, ಹಾಗಾಗಿ ಗೊಂದಲ ಇಲ್ಲ. ನಿಮ್ಮ ಚಿಕ್ಕಮ್ಮನಿಗೂ ಅವಮಾನ ಇಲ್ಲ.

ಎರಡನೇ ಸಾಲಿಗೆ ಯಾವ ‘-ತೆ’ಯೂ ಬೇಡ. ‘ಮನಸ್ಸು’ ಅಂದರೆ ಸಾಕು.

ವಸೈಯಿಂದ, 4.02

‘ವರ’ ಅಂದರೆ ಮದುವೆ ಗಂಡು ಅಂತ ಈಗ ಯಾರಾದರೂ ಶುರು ಮಾಡುತ್ತಾರೆ. ನಾನು ಮೊದಲೇ ಹೇಳಿಬಿಟ್ಟೆ.

ಪಿಂಪ್ರಿಯಿಂದ, 7.25

ಬೋರ್ಡು ಹೋಯ್ತು, ಎಂಟಕ್ಕೆ ಮೂರು ಅಡಿ. ಕೊನೆಗೆ ಹಾಕಿದ್ದು ಇಷ್ಟು:

‘ಅನ್ಯಭಾಷೆಯ ವರ ಪಡೆದವರು, ಅರ್ಥ ಹೇಳುವವರಿದ್ದರೆ ಮಾತ್ರ ಮೈಕಿನಲ್ಲಿ ಪ್ರಾರ್ಥಿಸಿ. ಇಲ್ಲದಿದ್ದರೆ ಕೂತಲ್ಲೇ ಮೆಲ್ಲಗೆ. ದೇವರು ನೋಡುವುದು ತೋರಿಕೆಯನ್ನಲ್ಲ, ಮನಸ್ಸನ್ನು.’

ಸೇಡಂ ಹುಡುಗ ಓದಿ, ‘ಹಂಗಾರ ಕನ್ನಡ ನಡೀತದ’ ಅಂದ. ಪಾಸ್ಟರಿಗೆ ಅವನ ಮಾತು ಹೇಳಿದೆ. ಅವರು ನಕ್ಕು, ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಕನ್ನಡ, ಮರಾಠಿ, ಹಿಂದಿಯಲ್ಲಿ ಎಲ್ಲರೂ ಪ್ರಾರ್ಥಿಸಬಹುದು’ ಅಂತ ಸೇರಿಸಿಸಿದರು. ಮಲಯಾಳ ಬಿಟ್ಟುಹೋಗಿದೆ, ಅವರಿಗೇ ನೆನಪಾಗಲಿಲ್ಲ.

ಡೊಂಬಿವಲಿಯಿಂದ, 7.50

‘ಮೈಕಿನಲ್ಲಿ’ ಎಂದು ಹಾಕಿದ್ದೀರಲ್ಲ, ‘ಧ್ವನಿವರ್ಧಕದಲ್ಲಿ’ ಎನ್ನಬಹುದಿತ್ತು.

ಹಿಂಜೆವಾಡಿಯಿಂದ, 7.54

ದನಿವರ್ದಕ ಅಂದರೆ ಸ್ಪೀಕರ್, ಮಯ್ಕು ಅಲ್ಲ. ಮಯ್ಕು ದನಿಯನ್ನು ಹಿಡಿಯುತ್ತದೆ, ಹೆಚ್ಚಿಸುವುದಿಲ್ಲ. ‘ದನಿಹಿಡುಕ’.

ಪಿಂಪ್ರಿಯಿಂದ, 8.10

ತಂತಿ ಹಾಕಿ ಕಟ್ಟಿ ಆಗಿದೆ. ಮೈಕಿಗೆ ಬೇರೆ ವಿಷಯಸಾಲು ಹಾಕಿ ಶುರು ಮಾಡಿಕೊಳ್ಳಿ, ನನಗೆ ನಾಳೆ ಮದುವೆ ಬ್ಯಾನರ್ ಇದೆ.