ಸಲೂನ್‌ನಲ್ಲಿ ಹೊಸದಾಗಿ ಮಾಡಿಸಿದ ಡ್ರೆಡ್‌ಲಾಕ್: ತೊಳೆಯುವುದು, ಒಣಗಿಸುವುದು, ಬುಡ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ: ಧಾರವಾಡದ ಹುಡುಗಿ

ಎಲ್ಲರಿಗೂ ನಮಸ್ಕಾರ. 22 ದಿನಗಳ ಹಿಂದೆ ಬೆಂಗಳೂರಿನ ಒಂದು ಸಲೂನ್‌ನಲ್ಲಿ ಡ್ರೆಡ್‌ಲಾಕ್, ಅಂದರೆ ಕೂದಲನ್ನು ಸಿಕ್ಕುಗಟ್ಟಿಸಿ ಮಾಡುವ ಹಗ್ಗದಂಥ ಜಡೆಗಳನ್ನು, ಮಾಡಿಸಿಕೊಂಡೆ. ಇಬ್ಬರು ಸೇರಿ ತುದಿಗೆ ಕೊಕ್ಕೆಯಿರುವ ಕ್ರೋಶಾ ಕಡ್ಡಿಯಲ್ಲಿ 9 ಗಂಟೆ ಕೆಲಸ ಮಾಡಿದರು, ಒಟ್ಟು 54 ಲಾಕ್‌ಗಳಾದವು. ನನ್ನದು ಗುಂಗುರಲ್ಲದ, ನೆಟ್ಟಗಿರುವ, ದಪ್ಪ ಎಳೆಯ ಕೂದಲು. ಸೊಂಟ ಮುಟ್ಟುತ್ತಿದ್ದದ್ದು ಈಗ ಬೆನ್ನಿನ ನಡುವಿಗೆ ಬಂದು ನಿಂತಿದೆ. ಅಷ್ಟು ಗಿಡ್ಡವಾಗುತ್ತದೆ ಎಂದು ಮೊದಲೇ ಹೇಳಿದ್ದರು, ಅದರ ಬಗ್ಗೆ ನನಗೆ ಬೇಸರವಿಲ್ಲ.

ಸಲೂನ್‌ನವರು ಕೈಗೊಂದು ವ್ಯಾಕ್ಸ್ ಡಬ್ಬಿ ಕೊಟ್ಟು, ಒಂದು ತಿಂಗಳು ತಲೆಗೆ ನೀರು ಸೋಕಿಸಬೇಡಿ, ಎಳೆ ಎದ್ದಾಗಲೆಲ್ಲ ಇದನ್ನು ಸವರಿ ಅಂಗೈಯಲ್ಲಿ ಉರುಳಿಸಿ ಎಂದು ಹೇಳಿ ಕಳಿಸಿದರು. ಎರಡು ವಾರ ಹಾಗೆಯೇ ನಡೆದುಕೊಂಡೆ. ಆಮೇಲೆ ತುರಿಕೆ ತಡೆಯಲಾಗದೆ ಕಳೆದ ಭಾನುವಾರ ಸಂಜೆ ತಲೆ ತೊಳೆದೆ. ಮರುದಿನ ಮಧ್ಯಾಹ್ನವೂ ಹಿಂದಲೆಯ ಲಾಕ್‌ಗಳನ್ನು ಹಿಂಡಿದರೆ ಒಳಗೆ ತಂಪಾಗಿಯೇ ಇತ್ತು, ಈಗ ಮಳೆಗಾಲದಲ್ಲಿ ಒಣಗದೆ ಉಳಿದ ಬಟ್ಟೆಯ ಹಾಗೆ ಸಣ್ಣಗೆ ಮುಗ್ಗಲು ವಾಸನೆ ಬರುತ್ತಿದೆ. ಬಲಗಿವಿಯ ಹಿಂದೆ ನಾಲ್ಕೈದು ಕೆಂಪು ಗುಳ್ಳೆಗಳೆದ್ದಿವೆ. ಕತ್ತಿನ ಬಳಿ ಎರಡು ಲಾಕ್‌ಗಳ ಬುಡ ಒಂದಕ್ಕೊಂದು ಕೂಡಿಕೊಳ್ಳುತ್ತಿದೆ.

ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು, ಯಾವುದರಿಂದ ತೊಳೆಯಬೇಕು, ಬುಡವನ್ನು ಮತ್ತೆ ಯಾವಾಗ ಸರಿ ಮಾಡಿಸಬೇಕು ಎಂಬುದನ್ನು ಅನುಭವವುಳ್ಳವರು ತಿಳಿಸಬೇಕು. ಅವ್ವ ಸೀಗೆಪುಡಿ, ಕೊಬ್ಬರಿ ಎಣ್ಣೆ ಹಿಡಿದುಕೊಂಡು ಕಾದಿದ್ದಾಳೆ. ದಿನವೂ ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗುವುದರಿಂದ ಹೆಲ್ಮೆಟ್ಟಿನ ಚಿಂತೆಯೂ ಇದೆ. ನನ್ನ ಅಜ್ಜಿ ಸವದತ್ತಿ ಕಡೆಯವರು. ವಿಡಿಯೋ ಕರೆಯಲ್ಲಿ ನನ್ನ ತಲೆ ನೋಡಿ, “ಜಡಿ ಬಂದವರ ಹಾಂಗ ಮಾಡಿಕೊಂಡೆಲ್ಲವ್ವಾ” ಎಂದು ಅತ್ತುಬಿಟ್ಟರು. ಅವರಿಗೆ ಏನು ಹೇಳಬೇಕೆಂಬುದೂ ನನಗೆ ತೋಚುತ್ತಿಲ್ಲ.

ಉತ್ತರ 1: ಕ್ರೋಶಾ ಕಡ್ಡಿ

ಮೊದಲು ಆ ವ್ಯಾಕ್ಸ್ ಡಬ್ಬಿಯನ್ನು ಮುಚ್ಚಿಟ್ಟುಬಿಡಿ. ನಾನು ಮೊದಲು ಗೋಕರ್ಣದಲ್ಲಿ, ಈಗ ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುತ್ತ ಎಂಟು ವರ್ಷಗಳಾದವು. ನನ್ನ ಬಳಿ ದುರಸ್ತಿಗೆ ಬರುವ ಕೆಟ್ಟ ಲಾಕ್‌ಗಳಲ್ಲಿ ಹೆಚ್ಚಿನವು ವ್ಯಾಕ್ಸ್ ಮೆತ್ತಿದವು. ಅಂಥ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಜೇನುಮೇಣವಿರುತ್ತದೆ. ಜೇನುಮೇಣ ಕರಗಬೇಕಾದರೆ ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ಅಷ್ಟು ಬಿಸಿನೀರನ್ನು ತಲೆಗೆ ಸುರಿದುಕೊಂಡರೆ ಚರ್ಮ ಬೆಂದುಹೋಗುತ್ತದೆ. ಹೀಗಾಗಿ ಸ್ನಾನದ ನೀರಿಗೆ ಅದು ಜಗ್ಗುವುದಿಲ್ಲ. ಒಳಗೇ ಕೂತು ದೂಳನ್ನು ಹಿಡಿಯುತ್ತದೆ, ಒಳಸೇರಿದ ನೀರನ್ನು ಹೊರಗೆ ಬಿಡುವುದಿಲ್ಲ. ನಿಮ್ಮ ಲಾಕ್ ಮರುದಿನವೂ ಒಣಗದಿರುವುದಕ್ಕೆ ಇದು ಒಂದು ಕಾರಣವಾಗಿರಬಹುದು. ಎರಡೇ ವಾರ ಹಚ್ಚಿದ್ದೀರಿ, ಇನ್ನೂ ಮೇಲ್ಪದರದಲ್ಲಿರುವ ಸಾಧ್ಯತೆಯೇ ಹೆಚ್ಚು. ಹೇರ್ ಡ್ರೈಯರನ್ನು ನೆತ್ತಿಯಿಂದ ದೂರ ಹಿಡಿದು, ಒಂದೊಂದೇ ಲಾಕನ್ನು ಸ್ವಲ್ಪ ಬೆಚ್ಚಗೆ ಮಾಡಿ, ಹಳೆಯ ಬಟ್ಟೆಯಲ್ಲಿ ಒತ್ತಿ ಒರೆಸಿದರೆ ಬಟ್ಟೆಗೆ ಜಿಡ್ಡು ಅಂಟಿಕೊಂಡು ಬರುತ್ತದೆ. ಒಂದೇ ದಿನದಲ್ಲಿ ಮುಗಿಸಲು ಹೋಗದೆ ಮೂರು ನಾಲ್ಕು ಸಲ ಮಾಡಿ.

ಒಂದು ತಿಂಗಳು ತೊಳೆಯಬೇಡಿ ಎಂಬ ಮಾತಿಗೂ ಒಂದು ಮೂಲವಿದೆ. ಆಫ್ರಿಕಾ ಮೂಲದವರ ಬಿಗಿ ಗುಂಗುರು ಕೂದಲನ್ನು ಬರಿಯ ತಿರುಚಿನಿಂದ ಆರಂಭಿಸುತ್ತಾರೆ. ಕೂದಲಿನ ಸುರುಳಿ ತಾನಾಗಿ ಗಂಟು ಕಟ್ಟುವ ಮೊದಲೇ ನೀರು ಬಿದ್ದರೆ ಆ ತಿರುಚು ಬಿಚ್ಚಿಹೋಗುತ್ತದೆ, ಆದ್ದರಿಂದ ಅಲ್ಲಿ ಕಾಯುವುದಕ್ಕೆ ಅರ್ಥವಿದೆ. ನಿಮ್ಮದನ್ನು ಕಡ್ಡಿ ಹಾಕಿ ಎಳೆಗೆ ಎಳೆ ಸಿಕ್ಕಿಸಿ ಬಿಗಿದಿದ್ದಾರೆ. ಅದು ನೀರಿಗೆ ಬಿಚ್ಚುವಂಥದ್ದಲ್ಲ. ಇಂಥ ಲಾಕನ್ನು ಒಂದು ವಾರ, ಹತ್ತು ದಿನ ಕಳೆದ ಮೇಲೆ ಧಾರಾಳವಾಗಿ ತೊಳೆಯಬಹುದು. ನೆಟ್ಟಗಿನ ಕೂದಲು ಗಂಟಾಗಬೇಕಾದರೆ ಜಿಡ್ಡಿಲ್ಲದೆ ಒಣಗಿರಬೇಕು, ಆದ್ದರಿಂದ ತೊಳೆದಷ್ಟೂ ನಿಮಗೆ ಒಳ್ಳೆಯದೇ. ನಾಲ್ಕೈದು ದಿನಕ್ಕೊಮ್ಮೆ ತೊಳೆಯಿರಿ. ಕಂಡೀಷನರ್ ಸೇರಿಸದ, ತೊಳೆದ ಮೇಲೆ ಕೂದಲಿನಲ್ಲಿ ಏನನ್ನೂ ಉಳಿಸದ ತೆಳುವಾದ ಶಾಂಪೂ ಸಾಕು. ಅದನ್ನು ಒಂದು ಮಗ್ ನೀರಿನಲ್ಲಿ ಕಲಸಿಕೊಂಡು, ಬೆರಳ ತುದಿಯಿಂದ ನೆತ್ತಿಯ ಚರ್ಮಕ್ಕೆ ಮಾತ್ರ ಉಜ್ಜಿ. ಲಾಕ್‌ಗಳನ್ನು ತಿಕ್ಕಬೇಕಾಗಿಲ್ಲ. ನೊರೆ ಇಳಿದು ಬರುವಾಗ ಮೃದುವಾಗಿ ಹಿಂಡಿದರೆ ಸಾಕು. ಆಮೇಲೆ ನಿಮಗೆ ಸಾಕೆನಿಸಿದ್ದಕ್ಕಿಂತ ಎರಡರಷ್ಟು ನೀರು ಹಾಕಿ ತೊಳೆಯಿರಿ. ಬೋರ್‌ವೆಲ್ಲಿನ ಗಡಸು ನೀರಾದರೆ ಮೈಸೋಪನ್ನು ತಲೆಗೆ ಎಂದೂ ಬಳಸಬೇಡಿ. ಆ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಡನೆ ಸೇರಿ ಬಕೆಟ್ಟಿನ ಅಂಚಿನಲ್ಲಿ ಕಟ್ಟುತ್ತದಲ್ಲ, ಅದೇ ಬಿಳಿ ಪದರ ಲಾಕಿನ ಒಳಗೂ ಕಟ್ಟುತ್ತದೆ. ಕೊನೆಯ ಎರಡು ಮಗ್ ನೀರನ್ನಾದರೂ ಕುಡಿಯುವ ನೀರಿನಿಂದ ಹಾಕಿಕೊಂಡರೆ ವ್ಯತ್ಯಾಸ ಕೈಗೇ ತಿಳಿಯುತ್ತದೆ.

ಸೀಗೆಪುಡಿಯನ್ನು ನೇರವಾಗಿ ಹಚ್ಚಬೇಡಿ. ಹರವಿದ ಕೂದಲಿನಿಂದ ಪುಡಿ ಉದುರಿಹೋಗುತ್ತದೆ, ಲಾಕಿನಿಂದ ಉದುರುವುದಿಲ್ಲ. ಎರಡು ವರ್ಷ ಸೀಗೆಪುಡಿ ಬಳಸಿದ್ದ ಒಬ್ಬರ ಲಾಕನ್ನು ನಾನು ಬಿಚ್ಚಿದಾಗ ನಡುವಿನಲ್ಲಿ ಕಂದು ಹಿಟ್ಟು ಗಟ್ಟಿಯಾಗಿ ಕೂತಿತ್ತು. ಅವ್ವನ ಮನಸ್ಸಿಗೆ ಸಮಾಧಾನವಾಗಬೇಕೆಂದರೆ ಸೀಗೆಕಾಯಿಯನ್ನೋ ಅಂಟುವಾಳವನ್ನೋ ಇಡಿಯಾಗಿ ಕುದಿಸಿ, ತೆಳುಬಟ್ಟೆಯಲ್ಲಿ ಎರಡು ಸಲ ಸೋಸಿ, ಆ ತಿಳಿನೀರನ್ನು ಬಳಸಿ. ಎಣ್ಣೆಯನ್ನು ಮೊದಲ ವರ್ಷ ಬಿಟ್ಟುಬಿಡುವುದೇ ಒಳ್ಳೆಯದು. ಅದು ಎಳೆಗಳನ್ನು ಜಾರಿಸಿ ಗಂಟು ಸಡಿಲ ಮಾಡುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಡಬ್ಬಿಯೊಳಗೆ ಅದು ಹೇಗಿರುತ್ತದೋ ಲಾಕಿನೊಳಗೂ ಹಾಗೆಯೇ ಇರುತ್ತದೆ.

ಇನ್ನು ಒಣಗಿಸುವ ವಿಷಯ. ತೊಳೆಯುವುದಕ್ಕಿಂತ ದೊಡ್ಡ ಕೆಲಸ ಇದೇ ಎಂದು ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ. ಸಂಜೆ ತೊಳೆದದ್ದು ನಿಮ್ಮ ತಪ್ಪಲ್ಲ, ನಿಮಗೆ ಯಾರೂ ಹೇಳಿರಲಿಲ್ಲ. ಆದರೆ ಇನ್ನು ಮುಂದೆ ಬೆಳಿಗ್ಗೆಯೇ ತೊಳೆಯಿರಿ, ಬಿಸಿಲಿರುವ ದಿನ ನೋಡಿಕೊಂಡು ತೊಳೆದರೆ ಇನ್ನೂ ಒಳ್ಳೆಯದು. ನಾಲ್ಕು ನಾಲ್ಕು ಲಾಕ್ ಹಿಡಿದು ಬುಡದಿಂದ ತುದಿಯವರೆಗೆ ಟವೆಲ್ಲಿನಲ್ಲಿ ಹಿಂಡುತ್ತ ಬನ್ನಿ. ತಿರುಚಿ ಹಿಂಡಬೇಡಿ. ಟವೆಲ್ ಜುಂಗು ಬಿಡದ ಮೈಕ್ರೋಫೈಬರ್ ಬಟ್ಟೆಯದಾಗಿರಲಿ, ಹೊಸ ಹತ್ತಿ ಟವೆಲ್ಲಿನ ಜುಂಗು ಒಮ್ಮೆ ಒಳಹೊಕ್ಕರೆ ತೆಗೆಯುವುದು ಬಹಳ ಕಷ್ಟ. ಆಮೇಲೆ ಡ್ರೈಯರಿನ ತಣ್ಣನೆಯ ಗಾಳಿ ಹಿಡಿಯಿರಿ. ಒಣಗಿದೆಯೋ ಇಲ್ಲವೋ ಎಂದು ಬೆರಳಿನಿಂದ ಪರೀಕ್ಷಿಸಿದರೆ ಮೋಸಹೋಗುತ್ತೀರಿ. ಲಾಕಿನ ದಪ್ಪಭಾಗವನ್ನು ಒತ್ತಿ ಮೇಲ್ದುಟಿಗೆ ತಾಗಿಸಿ ನೋಡಿ, ಒಳಗೆ ಹನಿ ತೇವವಿದ್ದರೂ ತುಟಿಗೆ ತಂಪು ತಟ್ಟುತ್ತದೆ. ಹಿಂದಲೆಯ ನಾಲ್ಕು ಲಾಕ್‌ಗಳನ್ನು ಹೀಗೆ ನೋಡಿಕೊಳ್ಳದೆ ಕೂದಲು ಕಟ್ಟಬೇಡಿ, ಮಲಗಲೂಬೇಡಿ. ಮುಗ್ಗಲು ವಾಸನೆಗೆ ಲೋಬಾನದ ಹೊಗೆ ಹಿಡಿಯುವವರಿದ್ದಾರೆ. ಅದರಿಂದ ವಾಸನೆ ಮುಚ್ಚುತ್ತದೆಯೇ ಹೊರತು ಬೂಷ್ಟು ಹೋಗುವುದಿಲ್ಲ. ಒಂದು ಮಗ್ ನೀರಿಗೆ ಎರಡು ಚಮಚ ವಿನೆಗರ್ ಬೆರೆಸಿ, ಗುಳ್ಳೆಗಳಿರುವ ಜಾಗಕ್ಕೆ ತಾಗದಂತೆ ಲಾಕ್‌ಗಳನ್ನು ಅದರಲ್ಲಿ ಅದ್ದಿ, ಚೆನ್ನಾಗಿ ತೊಳೆದು, ಈ ಸಲ ಪೂರ್ತಿ ಒಣಗಿಸಿ. ವಾಸನೆ ಹೊಸದಾಗಿರುವುದರಿಂದ ಹೋಗಬೇಕು.

ಕತ್ತಿನ ಬಳಿಯ ಎರಡು ಲಾಕ್‌ಗಳನ್ನು ಇಂದೇ ಬಿಡಿಸಿ. ಒಂದೊಂದು ಕೈಯಲ್ಲಿ ಒಂದೊಂದನ್ನು ಹಿಡಿದು, ಚರ್ಮ ಕಾಣುವವರೆಗೆ ನಿಧಾನವಾಗಿ ಆಚೆ ಈಚೆ ಎಳೆಯಿರಿ. ನಾಲ್ಕೆಂಟು ಎಳೆ ಚರ್ ಎಂದು ಹರಿಯುತ್ತವೆ, ಹರಿಯಲಿ. ಪ್ರತಿ ಸಲ ತಲೆ ತೊಳೆದ ಮೇಲೂ 54 ಲಾಕ್‌ಗಳನ್ನೂ ಹೀಗೆ ಬಿಡಿಸಿಕೊಳ್ಳುವ ರೂಢಿ ಇರಲಿ.

ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿನ ಆಸುಪಾಸು ಬೆಳೆಯುತ್ತದೆ. ಕಡ್ಡಿ ಹಿಡಿಯಲು ಬುಡದಲ್ಲಿ ಎರಡು ಮೂರು ಸೆಂಟಿಮೀಟರ್ ಹೊಸ ಕೂದಲಾದರೂ ಬೇಕು, ಆದ್ದರಿಂದ ಎರಡೂವರೆ ಮೂರು ತಿಂಗಳಿಗಿಂತ ಮೊದಲು ಬುಡ ಸರಿಮಾಡಿಸಲು ಹೋಗಬೇಡಿ. ತಿಂಗಳಿಗೊಮ್ಮೆ ಬನ್ನಿ ಎಂದು ಕರೆಯುವವರಿದ್ದಾರೆ. ಕಡ್ಡಿ ಹೋದಲ್ಲೆಲ್ಲ ಕೆಲವು ಎಳೆ ತುಂಡಾಗುತ್ತವೆ, ಪದೇ ಪದೇ ಮಾಡಿಸಿದರೆ ಬುಡ ದಾರದಂತೆ ಸವೆದು ಲಾಕೇ ಕಳಚಿ ಬರುತ್ತದೆ. ಎದ್ದುನಿಂತ ಎಳೆಗಳ ಬಗ್ಗೆ ಚಿಂತೆ ಬೇಡ. ಎಲ್ಲರ ತಲೆಯಿಂದಲೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ, ನಿಮ್ಮವು ನೆಲಕ್ಕೆ ಬೀಳದೆ ಲಾಕಿನಲ್ಲೇ ಉಳಿದು ಅದನ್ನು ಗಟ್ಟಿ ಮಾಡುತ್ತವೆ. ಒಂದು, ಒಂದೂವರೆ ವರ್ಷದಲ್ಲಿ ಅದು ತನ್ನ ಆಕಾರಕ್ಕೆ ಬರುತ್ತದೆ.

ಉತ್ತರ 2: ಮೂರನೆಯ ಮಳೆಗಾಲ

ಹೆಲ್ಮೆಟ್ಟಿನ ಬಗ್ಗೆ ನಾನು ಹೇಳಬಲ್ಲೆ. ಲಾಕ್ ಹಾಕಿಸಿಕೊಂಡು ಇದು ನನ್ನ ಮೂರನೆಯ ಮಳೆಗಾಲ, ದಿನಕ್ಕೆ 30 ಕಿಲೋಮೀಟರ್ ಬೈಕ್ ಓಡಿಸುತ್ತೇನೆ. ಲಾಕ್‌ಗಳನ್ನು ತಲೆಯ ಮೇಲೆ ಗಂಟು ಕಟ್ಟಿ ಅದರ ಮೇಲೆ ಹೆಲ್ಮೆಟ್ ಒತ್ತುವುದನ್ನು ದಯವಿಟ್ಟು ಮಾಡಬೇಡಿ. ಹೆಲ್ಮೆಟ್ ಹಣೆಯಿಂದ ಮೇಲಕ್ಕೆ ಎದ್ದು ನಿಲ್ಲುತ್ತದೆ, ಬಿದ್ದಾಗ ಅದು ಇದ್ದೂ ಇಲ್ಲದಂತೆಯೇ. ಎಲ್ಲವನ್ನೂ ಕತ್ತಿನ ಹತ್ತಿರ ಸಡಿಲವಾಗಿ ಒಂದು ಬಟ್ಟೆಯ ಪಟ್ಟಿಯಿಂದ ಕಟ್ಟಿ, ಹೊರಗೆ ಇಳಿಬಿಟ್ಟು, ಅಂಗಿಯೊಳಗೆ ಸೇರಿಸಿ. ನೆತ್ತಿಗೆ ತೆಳುವಾದ ಸ್ಯಾಟಿನ್ ಟೋಪಿ ಹಾಕಿದರೆ ಉಜ್ಜಾಟ ಕಡಿಮೆ. ಆಗಲೂ ಹಳೆಯ ಹೆಲ್ಮೆಟ್ ಬಿಗಿಯಾದರೆ ಒಂದು ಅಳತೆ ದೊಡ್ಡದನ್ನು, ಐಎಸ್‌ಐ ಗುರುತು ನೋಡಿ, ಅಂಗಡಿಯಲ್ಲೇ ಹಾಕಿ ಪರೀಕ್ಷಿಸಿ ಕೊಳ್ಳಿ. ಒಳಗಿನ ಪ್ಯಾಡ್ ಕಳಚಿ ತೊಳೆಯುವಂಥದ್ದಿದ್ದರೆ ಉತ್ತಮ, ಏಕೆಂದರೆ ವಾಸನೆ ಎಷ್ಟೋ ಸಲ ಲಾಕಿನದಲ್ಲ, ಆ ಪ್ಯಾಡಿನದು.

ತೊಳೆದ ದಿನ ನಾನು ಬೈಕ್ ತೆಗೆಯುವುದೇ ಇಲ್ಲ. ಮೊದಲ ವರ್ಷ ಒದ್ದೆ ತಲೆಗೆ ಹೆಲ್ಮೆಟ್ ಹಾಕಿಕೊಂಡು ಹೋಗಿ, ಜುಲೈ ತಿಂಗಳಲ್ಲಿ ಹಿಂದಲೆಯ ಆರು ಲಾಕ್‌ಗಳಿಗೆ ಬೂಷ್ಟು ಹಿಡಿದು, ಕೊನೆಗೆ ಅವನ್ನು ಕತ್ತರಿಸಿ ತೆಗೆಯಬೇಕಾಯಿತು. ಒಂದರ ಒಳಗೆ ಬೂದುಬಣ್ಣದ ಪುಡಿಯಿತ್ತು. ಹಾಸಿಗೆಯಲ್ಲಿ ಹತ್ತಿಯ ದಿಂಬಿಗೆ ಸ್ಯಾಟಿನ್ ಹೊದಿಕೆ ಹಾಕಿಕೊಳ್ಳಿ, ಜುಂಗಿನ ಕಾಟ ಅರ್ಧ ತಪ್ಪುತ್ತದೆ.

ಉತ್ತರ 3: ಬೆಳಗಾವಿಯ ಅಕ್ಕ

ನಾನು ಚರ್ಮರೋಗ ವಿಭಾಗದಲ್ಲಿ ಬಹಳ ವರ್ಷ ಶುಶ್ರೂಷಕಿಯಾಗಿದ್ದವಳು. ಕಿವಿಯ ಹಿಂದಿನ ಗುಳ್ಳೆಗಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ತಂಗಿ. ಹೊಸ ಲಾಕಿನ ಬಿಗಿತದಿಂದ ಮೊದಲ ಮೂರು ನಾಲ್ಕು ದಿನ ತಲೆ ಜಗ್ಗಿದಂತಾಗುವುದು ಸಹಜ. ಮೂರು ವಾರಗಳಾದ ಮೇಲೂ ಬುಡದಲ್ಲಿ ಗುಳ್ಳೆ ಇದೆಯೆಂದರೆ ಆ ಜಾಗದಲ್ಲಿ ಎಳೆತ ಹೆಚ್ಚಾಗಿದೆ ಎಂದೇ ಮೊದಲು ಅನುಮಾನಿಸಬೇಕು. ಕಿವಿಯ ಸುತ್ತ ಮತ್ತು ಹಣೆಯಂಚಿನ ಕೂದಲು ಮೊದಲೇ ಸಣ್ಣ ಎಳೆಯದು, ದಪ್ಪ ಲಾಕಿನ ಭಾರವನ್ನು ಅದು ತಾಳುವುದಿಲ್ಲ. ಎಳೆತ ತಿಂಗಳುಗಟ್ಟಲೆ ಮುಂದುವರಿದರೆ ಅಲ್ಲಿ ಕೂದಲು ಉದುರಿ, ಕೊನೆಗೆ ಮತ್ತೆ ಹುಟ್ಟದ ಸ್ಥಿತಿಗೂ ಹೋಗಬಹುದು. ಸದ್ಯಕ್ಕೆ ಲಾಕ್‌ಗಳನ್ನು ಎತ್ತಿ ಕಟ್ಟುವುದನ್ನು ಪೂರ್ತಿ ನಿಲ್ಲಿಸಿ, ಆ ಭಾಗದ ಬುಡವನ್ನು ಸಡಿಲ ಮಾಡಿಸಿ. ಗುಳ್ಳೆಯಲ್ಲಿ ಕೀವು ಕಂಡರೆ, ಮುಟ್ಟಿದರೆ ನೋವಾದರೆ, ಜ್ವರ ಬಂದರೆ ಮನೆಮದ್ದು ಹುಡುಕದೆ ಚರ್ಮವೈದ್ಯರ ಬಳಿ ಹೋಗಿ. ಹೊಟ್ಟು ಕಾಣಿಸಿಕೊಂಡರೂ ಎಣ್ಣೆ ಹಚ್ಚಬೇಡಿ, ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರ ಜಿಡ್ಡನ್ನೇ ತಿಂದು ಬೆಳೆಯುತ್ತದೆ. ವೈದ್ಯರು ಶಿಲೀಂಧ್ರ ತಡೆಯುವ ಕೀಟೋಕೊನಜೋಲ್ ಶಾಂಪೂ ಬರೆದುಕೊಟ್ಟರೆ ಅದನ್ನು ಲಾಕ್ ಇದ್ದೂ ಬಳಸಬಹುದು, ಅದು ಬೇಕಾಗಿರುವುದು ಚರ್ಮಕ್ಕೆ ತಾನೆ.

ನಿಮ್ಮ ಅಜ್ಜಿಯ ಅಳುವನ್ನು ಓದಿ ನನಗೆ ಸಂಕಟವಾಯಿತು. ನಮ್ಮ ಕಡೆ ಹೆಣ್ಣುಮಗಳ ತಲೆಯಲ್ಲಿ ಜಡಿ ಕಟ್ಟಿದರೆ ಎಲ್ಲಮ್ಮ ಕರೆದಳು ಎನ್ನುತ್ತಿದ್ದರು. ಅದನ್ನು ಕತ್ತರಿಸಲು ಬಿಡುತ್ತಿರಲಿಲ್ಲ, ಬಾಚಲು ಬಿಡುತ್ತಿರಲಿಲ್ಲ. ಎಷ್ಟೋ ಹುಡುಗಿಯರನ್ನು ಅದೇ ನೆಪದಲ್ಲಿ ದೇವಿಗೆ ಬಿಟ್ಟರು. ದೇವದಾಸಿಯರ ಸಮರ್ಪಣೆಯನ್ನು ನಿಷೇಧಿಸುವ ಕಾನೂನು ಕರ್ನಾಟಕಕ್ಕೆ ಬಂದದ್ದು 1982ರಲ್ಲಿ, ಎಂದರೆ ನಿಮ್ಮ ಅಜ್ಜಿ ಅದೆಲ್ಲವನ್ನೂ ಕಣ್ಣಾರೆ ಕಂಡಿರಬಹುದು. ಅವರಿಗೆ ಇದು ಫ್ಯಾಷನ್ ಅಜ್ಜಿ ಎಂದು ಹೇಳಿ ಮುಗಿಸಬೇಡಿ. ಜಡಿ ಕಟ್ಟಿದ ತಲೆಗಳನ್ನು ನಾನು ವಿಭಾಗದಲ್ಲಿ ಬಿಡಿಸಿದ್ದೇನೆ. ಅಡಿಯಲ್ಲಿ ಹೇನು, ಸೀರು, ಹುಣ್ಣು, ಕತ್ತು ಎತ್ತಲಾಗದ ಭಾರ. ಅಜ್ಜಿಯ ಕಣ್ಣಿಗೆ ಬಂದಿರುವುದು ಆ ಚಿತ್ರ. ನೀವೇ ಇಷ್ಟಪಟ್ಟು ಮಾಡಿಸಿದ್ದು, ಬೇಡವೆನಿಸಿದ ದಿನ ಕತ್ತರಿಸಬಹುದು, ಯಾರೂ ನಿಮ್ಮನ್ನು ಎಲ್ಲಿಗೂ ಬಿಡುವುದಿಲ್ಲ ಎಂಬ ಮೂರು ಮಾತುಗಳನ್ನು ಅವರಿಗೆ ಬಿಡಿಸಿ ಹೇಳಿ. ಊರಿಗೆ ಹೋದಾಗ ಲಾಕ್‌ಗಳ ನಡುವಿನ ಬೈತಲೆಯ ಮೇಲೆ ಅವರ ಬೆರಳನ್ನೇ ಇರಿಸಿ, ಚರ್ಮ ಸ್ವಚ್ಛವಾಗಿರುವುದನ್ನು ಅವರೇ ಮುಟ್ಟಿ ನೋಡಲಿ.

ಧಾರವಾಡದ ಹುಡುಗಿ

ಮೂವರಿಗೂ ಮನಸಾರೆ ಧನ್ಯವಾದಗಳು. ಇಂದು ಬೆಳಿಗ್ಗೆ ಏಳಕ್ಕೆ ತೊಳೆದೆ. ವ್ಯಾಕ್ಸ್ ತೆಗೆಯಲು ಬಳಸಿದ ಹಳೆಯ ಪಂಚೆಯ ಮೇಲೆ ಹಳದಿ ಜಿಡ್ಡು ಗೆರೆಗೆರೆಯಾಗಿ ಬಂದಿತು. ಕತ್ತಿನ ಎರಡು ಲಾಕ್‌ಗಳನ್ನು ಬೇರೆ ಮಾಡಿದೆ. ಮಧ್ಯಾಹ್ನ ಒಂದಕ್ಕೆ ಕೈಗೆ ಪೂರ್ತಿ ಒಣಗಿದಂತಿತ್ತು, ತುಟಿಗಿಟ್ಟರೆ ಹಿಂದಿನ ನಾಲ್ಕೂ ತಣ್ಣಗಿದ್ದವು. ನಾಲ್ಕೂವರೆಗೆ ಸರಿಯಾದವು, ವಾಸನೆ ಬಹುಪಾಲು ಹೋಗಿದೆ. ಕ್ರೋಶಾ ಕಡ್ಡಿಯವರೇ, ಕಿವಿಯ ಹಿಂದಿನ ಬುಡವನ್ನು ಸಡಿಲ ಮಾಡಲು ಮತ್ತೆ ಅದೇ ಸಲೂನ್‌ಗೆ ಹೋಗಬೇಕೇ, ನಾನೇ ಮಾಡಿಕೊಳ್ಳಬಹುದೇ? ಗುಳ್ಳೆಗಳಲ್ಲಿ ಕೀವಿಲ್ಲ, ಕೆಂಪು ಮಾತ್ರ.

ಕ್ರೋಶಾ ಕಡ್ಡಿ

ನೀವೇ ಮಾಡಿಕೊಳ್ಳಬಹುದು. ತೊಳೆದ ಮೇಲೆ ಬುಡ ಸ್ವಲ್ಪ ತೇವವಿರುವಾಗ ಲಾಕನ್ನು ಚರ್ಮದಿಂದ ಎರಡು ಬೆರಳಿನಷ್ಟು ದೂರದಲ್ಲಿ ಹಿಡಿದು, ನೆತ್ತಿಯ ಕಡೆಗೆ ಹಗುರವಾಗಿ ತಳ್ಳಿ. ಬಿಗಿದ ಚರ್ಮ ಸಡಿಲಗೊಂಡು ಸುಕ್ಕಾಗುವುದು ಕಾಣುತ್ತದೆ. ಆಮೇಲೆ ದಬ್ಬಣದ ಮೊಂಡು ತುದಿಯಿಂದ ಬುಡದ ಮೊದಲ ಅರ್ಧ ಸೆಂಟಿಮೀಟರಿನ ಗಂಟನ್ನು ಸ್ವಲ್ಪ ಸ್ವಲ್ಪವೇ ಎಬ್ಬಿಸಿ, ಕಡ್ಡಿ ಹಾಕಬೇಡಿ. ಐದು ದಿನ ನೋಡಿ. ಕೆಂಪು ಇಳಿಯದಿದ್ದರೆ ಅಕ್ಕ ಹೇಳಿದಂತೆ ವೈದ್ಯರಿಗೆ ತೋರಿಸಿ. ಇಳಿದರೂ, ಮೂರು ತಿಂಗಳ ನಂತರ ಬುಡ ಸರಿಮಾಡಿಸುವಾಗ ಆ ಜಾಗದ ದಪ್ಪ ಲಾಕನ್ನು ಸೀಳಿ ಎರಡು ತೆಳುವಾದವನ್ನು ಮಾಡಿಕೊಡಲು ಕೇಳಿ. ಅದಕ್ಕೆ ಒಪ್ಪದವರ ಬಳಿ ಕೂರಬೇಡಿ.