ಐದು ವರ್ಷದ ಮಗನ ಚಪ್ಪಟೆ ಪಾದ: ಕಾಯಬೇಕೇ, ವೈದ್ಯರಿಗೆ ತೋರಿಸಬೇಕೇ?

ಪ್ರಶ್ನೆ (ಒಬ್ಬ ತಾಯಿ, ವಿದ್ಯಾನಗರ, ದಾವಣಗೆರೆ)

ನಮ್ಮ ಮಗನಿಗೆ ಈ ತಿಂಗಳು ಐದು ವರ್ಷ ತುಂಬಿತು. ಸ್ನಾನ ಮುಗಿಸಿ ಬಚ್ಚಲುಮನೆಯಿಂದ ಹೊರಗೆ ಬಂದಾಗ ಕಡಪ ಕಲ್ಲಿನ ಮೇಲೆ ಮೂಡುವ ಅವನ ಒದ್ದೆ ಹೆಜ್ಜೆಯಲ್ಲಿ ನಡುವಿನ ಬಾಗು ಕಾಣುವುದೇ ಇಲ್ಲ. ಅಂಗಾಲು ಪೂರ್ತಿಯಾಗಿ ನೆಲಕ್ಕೆ ಅಂಟಿದಂತೆ ಗುರುತು ಬೀಳುತ್ತದೆ. ಅವನಿಗೆ ನೋವಿಲ್ಲ, ಸಂಜೆ ಕುಂದುವಾಡ ಕೆರೆಯ ಬಳಿ ನಮಗಿಂತ ಮುಂದೆ ಓಡುತ್ತಾನೆ. ಆದರೂ ಒಳಗೆ ಉಬ್ಬು ಮೆತ್ತೆಯಿರುವ ಬೂಟನ್ನು ಈಗಲೇ ಹಾಕಿಸದಿದ್ದರೆ ಪಾದ ಹೀಗೆಯೇ ಉಳಿಯುತ್ತದೆ ಎಂದು ಅಂಗಡಿಯವರು ಹೆದರಿಸಿದರು. ನಮ್ಮ ಅತ್ತೆಯವರು ಮಾತ್ರ ಬರಿಗಾಲಿನಲ್ಲಿ ಆಡಲು ಬಿಡಿ ಎನ್ನುತ್ತಾರೆ. ಯಾರ ಮಾತನ್ನು ಕೇಳಬೇಕು?

ಉತ್ತರ 1 (ಫಿಸಿಯೋಥೆರಪಿಸ್ಟ್, ದಾವಣಗೆರೆ)

ತಾವು ಗಾಬರಿಯಾಗಬೇಕಿಲ್ಲ. ಎಳೆಯ ಮಕ್ಕಳ ಅಂಗಾಲಿನ ನಡುವೆ ಕೊಬ್ಬಿನ ಮೆತ್ತೆ ತುಂಬಿರುತ್ತದೆ, ಮೂಳೆಗಳನ್ನು ಬಿಗಿದಿಡುವ ತಂತುಗಳೂ ಸಡಿಲವಾಗಿರುತ್ತವೆ. ಆದ್ದರಿಂದ ಐದಾರು ವರ್ಷದವರೆಗೆ ಪಾದ ಚಪ್ಪಟೆಯಾಗಿ ಕಾಣುವುದು ಸಹಜ, ಕೆಲವರಲ್ಲಿ ಬಾಗು ಮೂಡಲು ಹತ್ತು ವರ್ಷವೂ ಆಗುತ್ತದೆ. ಮಗನನ್ನು ತುದಿಗಾಲಿನಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿ. ಬಾಗು ಮೂಡಿ, ಹಿಮ್ಮಡಿ ಒಳಕ್ಕೆ ತಿರುಗಿದರೆ ಅದು ಮೃದುವಾದ ಚಪ್ಪಟೆ ಪಾದ, ಮತ್ತು ನೋವಿಲ್ಲದಿರುವಾಗ ಅಂತಹ ಪಾದದಲ್ಲಿ ಯಾವ ಮೆತ್ತೆಯೂ ಬಾಗನ್ನು ಬೆಳೆಸಿಕೊಡುವುದಿಲ್ಲ.

ತಮ್ಮ ಅತ್ತೆಯವರ ಮಾತಿಗೆ ಆಧಾರವಿದೆ. ಮಣಿಪಾಲದ ವೈದ್ಯರು 4ರಿಂದ 13 ವರ್ಷದ 2300 ಮಕ್ಕಳ ಹೆಜ್ಜೆಗುರುತುಗಳನ್ನು ಪರಿಶೀಲಿಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾದರಕ್ಷೆ ಧರಿಸುವವರಲ್ಲಿ ಶೇ. 8.6ರಷ್ಟು ಮತ್ತು ಬರಿಗಾಲಿನವರಲ್ಲಿ ಶೇ. 2.8ರಷ್ಟು ಮಕ್ಕಳಿಗೆ ಚಪ್ಪಟೆ ಪಾದವಿತ್ತು. ಬೆರಳು ಮುಚ್ಚುವ ಬೂಟಿನವರಲ್ಲಿ ಅದು ಹೆಚ್ಚು, ಚಪ್ಪಲಿಯವರಲ್ಲಿ ಕಡಿಮೆ. ಹಾಗೆಂದು ಜಾಲಿಮುಳ್ಳು ಬಿದ್ದ ಬಯಲಿನಲ್ಲಿ, ಕೊಕ್ಕೆಹುಳು ತಗಲುವಂತಹ ಕೊಳಕು ಮಣ್ಣಿನಲ್ಲಿ ಬರಿಗಾಲಿನಲ್ಲಿ ಬಿಡಬಾರದು. ಮನೆಯೊಳಗೆ, ಅಂಗಳದಲ್ಲಿ ಬಿಡಿ.

ತುದಿಗಾಲಿನಲ್ಲಿ ನಿಂತರೂ ಬಾಗು ಮೂಡದಿದ್ದರೆ, ಒಂದೇ ಪಾದ ಚಪ್ಪಟೆಯಾಗಿದ್ದರೆ, ಮಗು ಕುಂಟಿದರೆ, ನಡೆಯಲು ಆಗದು ಎಂದು ಪದೇ ಪದೇ ಎತ್ತಿಕೊಳ್ಳಲು ಕೇಳಿದರೆ ಮೂಳೆತಜ್ಞರಿಗೆ ತೋರಿಸಲು ತಡಮಾಡಬೇಡಿ.

ಉತ್ತರ 2 (ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಚಿತ್ರದುರ್ಗ)

ನಾನು ಶಾಲೆಯಲ್ಲಿ ಕಂಡ ತೊಂದರೆಗಳಲ್ಲಿ ಹೆಚ್ಚಿನವು ಪಾದದವಲ್ಲ, ಬೂಟಿನವು. ಜೂನ್‌ನಲ್ಲಿ ಎರಡು ಅಳತೆ ದೊಡ್ಡ ಬೂಟು ಕೊಡಿಸುತ್ತಾರೆ, ಮಗು ಕಾಲನ್ನು ಎಳೆದುಕೊಂಡು ನಡೆಯುತ್ತದೆ. ಮುಂದಿನ ವರ್ಷ ಅದೇ ಬೂಟು ಬಿಗಿಯಾದರೂ ಬದಲಿಸುವುದಿಲ್ಲ, ಆಗ ಬೆರಳುಗಳು ಮಡಚಿಕೊಂಡು ಉಗುರು ಮಾಂಸದೊಳಗೆ ಇಳಿಯುತ್ತದೆ. ಹಣದ ಕಷ್ಟ ನನಗೆ ಗೊತ್ತು, ಆದರೂ ಇದನ್ನು ಹೇಳದೆ ಇರಲಾರೆ. ಸಂಜೆಯ ಹೊತ್ತು ಮಗುವನ್ನು ಕಾಗದದ ಮೇಲೆ ನಿಲ್ಲಿಸಿ ಎರಡೂ ಪಾದಗಳ ಸುತ್ತ ಗೆರೆ ಎಳೆಯಿರಿ, ಏಕೆಂದರೆ ಎರಡೂ ಒಂದೇ ಅಳತೆ ಇರಬೇಕೆಂದಿಲ್ಲ. ದೊಡ್ಡ ಪಾದದ ಉದ್ದನೆಯ ಬೆರಳಿನ ಮುಂದೆ ನಿಮ್ಮ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿದರೆ ಸಾಕು. ಮೂರು ನಾಲ್ಕು ತಿಂಗಳಿಗೊಮ್ಮೆ ಹೀಗೆ ನೋಡಿ, ಕಾಲುಚೀಲದ ಬಿಗಿಯನ್ನೂ ಗಮನಿಸಿ.

ಉತ್ತರ 3 (ಅಂಗನವಾಡಿ ಕಾರ್ಯಕರ್ತೆ, ಹೊಳಲ್ಕೆರೆ ತಾಲ್ಲೂಕು)

ಚಿಕ್ಕ ಮಕ್ಕಳಿರುವ ಇತರರಿಗಾಗಿ ಒಂದು ಮಾತು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ಬಂದಾಗ ಮಗುವಿನ ಪಾದವನ್ನೂ ತೋರಿಸಿ. ಹುಟ್ಟಿನಿಂದಲೇ ಪಾದ ಒಳಕ್ಕೆ ತಿರುಚಿಕೊಂಡಿದ್ದರೆ ಅದು ತಾನಾಗಿ ಸರಿಹೋಗುವುದಿಲ್ಲ. ಮೊದಲ ವಾರಗಳಲ್ಲೇ ಪ್ಲಾಸ್ಟರ್ ಪಟ್ಟಿ ಆರಂಭಿಸಿದರೆ ಚೆನ್ನಾಗಿ ಗುಣವಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಅವನನ್ನು ತುದಿಗಾಲಿನಲ್ಲಿ ನಿಲ್ಲಿಸಿದಾಗ ಎರಡೂ ಪಾದಗಳಲ್ಲಿ ಬಾಗು ಸ್ಪಷ್ಟವಾಗಿ ಮೂಡಿತು. ಆದರೆ ಕಾಗದದ ಮೇಲೆ ಎಳೆದ ಗೆರೆಯನ್ನು ಶಾಲೆಯ ಬೂಟಿನೊಂದಿಗೆ ಹೋಲಿಸಿದಾಗ ಬಲಗಾಲಿಗೆ ಒಂದಿಷ್ಟೂ ಜಾಗ ಉಳಿದಿರಲಿಲ್ಲ, ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ಭಾನುವಾರ ಅವನನ್ನೇ ಕರೆದುಕೊಂಡು ಹೋಗಿ, ಹಾಕಿ ನಡೆಸಿ ನೋಡಿ, ಮೆತ್ತೆಯಿಲ್ಲದ ಸಾಧಾರಣ ಬೂಟು ಕೊಡಿಸುತ್ತೇನೆ.