ನೀರು ಸೇರಿದ ಲೋಷನ್‌ಗೆ ಆರು ತಿಂಗಳ ಆಯುಸ್ಸು ಎಲ್ಲಿಂದ ಬಂತು?

ಗುಂಪು: ಫಾರ್ಮಸಿ ಸಹಪಾಠಿಗಳು

ವಸುಧಾ, 7:42
(ಫಾರ್ವರ್ಡ್ ಮಾಡಿದ್ದು)
“ಮನೆಯಲ್ಲೇ ಸಹಜ ಬಾಡಿ ಲೋಷನ್! ಲೋಳೆಸರದ ತಿರುಳು 1 ಕಪ್, ಕೊಬ್ಬರಿ ಎಣ್ಣೆ ಅರ್ಧ ಕಪ್, ಗುಲಾಬಿ ಜಲ ಕಾಲು ಕಪ್, ಜೇನುಮೇಣ 2 ಚಮಚ, ವಿಟಮಿನ್ ಇ ಕ್ಯಾಪ್ಸೂಲ್ 2. ಮೇಣ ಕರಗಿಸಿ ಎಣ್ಣೆಗೆ ಬೆರೆಸಿ, ಉಳಿದದ್ದನ್ನು ಸೇರಿಸಿ ಮಿಕ್ಸಿಯಲ್ಲಿ ತಿರುಗಿಸಿ. ರಾಸಾಯನಿಕ ಇಲ್ಲವೇ ಇಲ್ಲ. 6 ತಿಂಗಳು ಕೆಡುವುದಿಲ್ಲ. ಎಳೆ ಮಕ್ಕಳಿಗೂ ಹಚ್ಚಬಹುದು.”

ವಸುಧಾ, 7:43
ಸಾಮಗ್ರಿ ಎಲ್ಲಾ ಸರಳವಾಗಿದೆ. ಒಣ ಚರ್ಮದವರಿಗೆ ಕಳಿಸೋಣ ಅಂತಿದ್ದೇನೆ. ಒಮ್ಮೆ ನೋಡಿ ಹೇಳಿ.

ಗಿರೀಶ, 7:50
ದಯವಿಟ್ಟು ಕಳಿಸಬೇಡ ಕಣೇ. ಆ ಕೊನೆಯ ಎರಡು ಸಾಲು ಅಪಾಯದ ಸಾಲು. ಲೆಕ್ಕ ಹಾಕು: ಲೋಳೆಸರದ ತಿರುಳಿನಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು ನೀರು, ಗುಲಾಬಿ ಜಲವೂ ನೀರೇ. ಒಟ್ಟು ಮಿಶ್ರಣದಲ್ಲಿ ಸುಮಾರು 70 ಭಾಗ ನೀರಾಯಿತು. ಜೊತೆಗೆ ಲೋಳೆಸರದ ಸಕ್ಕರೆ ಅಂಶ. ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯೋಕೆ ಇನ್ನೇನು ಬೇಕು? ಇದನ್ನು ತಡೆಯುವ ಒಂದೇ ಒಂದು ವಸ್ತುವೂ ಆ ಪಟ್ಟಿಯಲ್ಲಿಲ್ಲ.

ವಸುಧಾ, 7:53
ವಿಟಮಿನ್ ಇ ಇದೆಯಲ್ಲ?

ಗಿರೀಶ, 7:56
ಅದು ಎಣ್ಣೆಗೆ ಕಾವಲು, ನೀರಿಗಲ್ಲ. ಗಾಳಿಯ ಆಮ್ಲಜನಕ ತಾಗಿ ಎಣ್ಣೆ ಕಮಟು ಹಿಡಿಯುವುದನ್ನು ನಿಧಾನ ಮಾಡುತ್ತೆ, ಅಷ್ಟೇ. ಸೂಕ್ಷ್ಮಜೀವಿಯನ್ನು ಅದು ಮುಟ್ಟುವುದೂ ಇಲ್ಲ. ಎಣ್ಣೆ ಕಾಯುವ ಆಂಟಿಆಕ್ಸಿಡೆಂಟ್ ಬೇರೆ, ಸೂಕ್ಷ್ಮಜೀವಿ ತಡೆಯುವ ಪ್ರಿಸರ್ವೇಟಿವ್ ಬೇರೆ. ಮನೆ ಲೋಷನ್ ಬಗ್ಗೆ ಓಡಾಡುವ ಸಂದೇಶಗಳಲ್ಲಿ ಅತಿ ಹೆಚ್ಚು ಎಡವೋದು ಇಲ್ಲೇ.

ಚಂದ್ರು, 8:01
ಟೀ ಟ್ರೀ ಎಣ್ಣೆ, ಲ್ಯಾವೆಂಡರ್ ಎಣ್ಣೆ ನಾಲ್ಕು ಹನಿ ಹಾಕಿದರೆ?

ಗಿರೀಶ, 8:04
ನಾಲ್ಕು ಹನಿ ಸಾಲದು. ಸಾಲುವಷ್ಟು ಹಾಕಿದರೆ ಚರ್ಮ ಉರಿಯುತ್ತೆ. ಹಚ್ಚಿ ಹಾಗೇ ಬಿಡುವ ಲೋಷನ್‌ನಲ್ಲಿ ಸುಗಂಧ ತೈಲ 1% ದಾಟಬಾರದು. ಆ ಪ್ರಮಾಣದಲ್ಲಿ ಅದು 70 ಭಾಗ ನೀರನ್ನು ಕಾಯಲಾರದು.

ವಸುಧಾ, 8:10
ಸರಿ, ಆರು ತಿಂಗಳು ಅನ್ನೋದು ತಪ್ಪು, ಒಪ್ಪಿದೆ. ಆದರೆ ನೀವು ಪ್ರಿಸರ್ವೇಟಿವ್ ಹಾಕಿದರೆ ಎಲ್ಲಾ ಮುಗೀತು ಅನ್ನೋ ಹಾಗೆ ಮಾತಾಡ್ತಿದ್ದೀರಿ. ಮೀಥೈಲ್‌ಐಸೋಥಿಯಾಜೋಲಿನೋನ್ ಅನ್ನೋ ಪ್ರಿಸರ್ವೇಟಿವ್ ನೆನಪಿದೆಯಾ? ಎಷ್ಟು ಜನರಿಗೆ ಅದರಿಂದ ಅಲರ್ಜಿ ಆಯಿತು! ಹಚ್ಚಿ ತೊಳೆಯದೆ ಬಿಡುವ ಉತ್ಪನ್ನಗಳಲ್ಲಿ ಅದನ್ನು ಯುರೋಪಿಯನ್ ಒಕ್ಕೂಟ 2017ರಲ್ಲಿ ನಿಲ್ಲಿಸಿಯೇಬಿಟ್ಟಿತು. ಜನ ಮನೆಯಲ್ಲಿ ಮಾಡಿಕೊಳ್ಳೋಕೆ ಹೊರಡೋದು ಸುಮ್ಮನೆ ಅಲ್ಲ. ಸ್ವಲ್ಪವೇ ಮಾಡಿ ಫ್ರಿಜ್‌ನಲ್ಲಿಟ್ಟು ಬೇಗ ಮುಗಿಸಿದರೆ ಏನು ತಪ್ಪು?

ಗಿರೀಶ, 8:18
ಅಲರ್ಜಿ ವಿಷಯದಲ್ಲಿ ನೀನು ಹೇಳೋದು ನೂರಕ್ಕೆ ನೂರು ಸರಿ. ಆದರೆ ಫ್ರಿಜ್ ಬ್ಯಾಕ್ಟೀರಿಯಾವನ್ನು ಕೊಲ್ಲಲ್ಲ, ನಿಧಾನ ಮಾಡುತ್ತೆ. ಸ್ಯೂಡೊಮೊನಾಸ್ ಜಾತಿಯ ಕೆಲವು 4 ಡಿಗ್ರಿಯಲ್ಲೂ ಬೆಳೀತವೆ. ಇನ್ನೊಂದು ಮಾತು, ಕಣ್ಣಿಗೆ ಮೂಗಿಗೆ ಗೊತ್ತಾಗೋವರೆಗೆ ಕಾಯೋದು ತಪ್ಪು ಲೆಕ್ಕ. ಐಎಸ್‌ಒ 17516 ಅನ್ನೋ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಸೌಂದರ್ಯವರ್ಧಕದಲ್ಲಿ ಗ್ರಾಂಗೆ 1000 ಜೀವಿಗಳ ಮಿತಿ, 3 ವರ್ಷದೊಳಗಿನ ಮಕ್ಕಳದ್ದಾದರೆ 100. ಲಕ್ಷ ದಾಟಿದರೂ ಲೋಷನ್ ಬೆಳ್ಳಗೆ, ಗುಲಾಬಿ ಪರಿಮಳದಲ್ಲೇ ಇರಬಹುದು.

ನೀನು ಯಾರಿಗೋಸ್ಕರ ಚಿಂತೆ ಮಾಡ್ತಿದ್ದೀಯೋ, ಎಸ್ಜಿಮಾ ಇರೋರು, ಚರ್ಮ ಬಿರಿದೋರು, ಅವರಿಗೇ ಇದು ಹೆಚ್ಚು ಅಪಾಯ. ಬಿರುಕು ಬಿಟ್ಟ ಚರ್ಮದ ಮೇಲೆ ಸ್ಟಫೈಲೊಕಾಕಸ್ ಬ್ಯಾಕ್ಟೀರಿಯಾ ಮೊದಲೇ ನೆಲೆಯೂರಿರುತ್ತೆ. ಅದರ ಮೇಲೆ ನಾವು ಇನ್ನಷ್ಟು ಸವರೋದು ಬೇಡ.

ನಫೀಸಾ, 8:31
ಈಗ ಓದಿದೆ. ಕೆಡೋ ಮಾತು ಹಾಗಿರಲಿ, ಆ ಅಳತೆಯಲ್ಲಿ ಲೋಷನ್ ಆಗೋದೇ ಇಲ್ಲ. ಜೇನುಮೇಣ ಎಮಲ್ಸಿಫೈಯರ್ ಅಲ್ಲ! ಅದು ಮಂದ ಮಾಡುತ್ತೆ, ಎಣ್ಣೆಯನ್ನೂ ನೀರನ್ನೂ ಬೆಸೆಯಲ್ಲ. ಮೇಣ ಗಟ್ಟಿಯಾಗೋದು 62 ಡಿಗ್ರಿ ಹತ್ತಿರ. ಅದಕ್ಕೆ ತಣ್ಣನೆಯ ತಿರುಳು ಸುರಿದ ತಕ್ಷಣ ಮೇಣ ಹರಳು ಹರಳಾಗಿ ನಿಲ್ಲುತ್ತೆ. ಮಿಕ್ಸಿಯಲ್ಲಿ ತಿರುಗುವಾಗ ಬೆಳ್ಳಗೆ ನೊರೆನೊರೆಯಾಗಿ ಚೆನ್ನಾಗೇ ಕಾಣುತ್ತೆ. ಮೂರ್ನಾಲ್ಕು ದಿನ ಬಿಟ್ಟು ಮುಚ್ಚಳ ತೆಗೆದರೆ ಮೇಲೆ ಬೆವರಿನ ಹಾಗೆ ನೀರಿನ ಮಣಿಗಳು, ಬೆರಳಿಟ್ಟು ಒತ್ತಿದರೆ ಮೇಣದ ಕಾಳುಗಳ ಸಂದಿಯಿಂದ ಇನ್ನಷ್ಟು ನೀರು. ಬ್ಯಾಕ್ಟೀರಿಯಾ ಮೊದಲು ಮನೆ ಮಾಡೋದು ಆ ಬಿಡಿ ನೀರಿನಲ್ಲೇ.

ಚಂದ್ರು, 8:35
ಹಳೇ ಕೋಲ್ಡ್ ಕ್ರೀಮ್‌ನಲ್ಲಿ ಜೇನುಮೇಣವೇ ಇತ್ತಲ್ಲ ನಫೀಸಾ?

ನಫೀಸಾ, 8:41
ಇತ್ತು. ಎರಡನೇ ಶತಮಾನದ ವೈದ್ಯ ಗೇಲನ್ ಹೆಸರಿನಲ್ಲಿ ಬಂದದ್ದು ಮೇಣ, ಆಲಿವ್ ಎಣ್ಣೆ, ಗುಲಾಬಿ ಜಲ. ಹಚ್ಚಿದಾಗ ನೀರು ಬಿಟ್ಟುಕೊಂಡು ಆವಿಯಾಗಿ ತಂಪು ಕೊಡ್ತಿತ್ತು, ಅದಕ್ಕೇ ಕೋಲ್ಡ್ ಕ್ರೀಮ್. ಆಮೇಲೆ ಬೋರಾಕ್ಸ್ ಸೇರಿಸಿದರು. ಅದು ಮೇಣದ ಆಮ್ಲಗಳ ಜೊತೆ ಕೂಡಿ ಸಾಬೂನಾಗುತ್ತೆ, ಆ ಸಾಬೂನೇ ಎಮಲ್ಸಿಫೈಯರ್. ಬೋರಾಕ್ಸ್ ಇಲ್ಲದೆ ಬರೀ ಮೇಣ ಆ ಕೆಲಸ ಮಾಡಲ್ಲ. ಆದರೆ ಗಾಯವಾದ ಚರ್ಮದ ಮೂಲಕ ಬೋರಾನ್ ಒಳಗೆ ಸೇರುತ್ತೆ, ಹಾಗಾಗಿ ಮನೆ ಲೋಷನ್‌ಗೆ ಬೋರಾಕ್ಸ್ ನಾನು ಹೇಳಲ್ಲ.

ಸರಿಯಾದ ಲೋಷನ್ ಬೇಕಿದ್ದರೆ 200 ಗ್ರಾಂಗೆ ಅಳತೆ ಇದು. ಎಲ್ಲಾ ತೂಕದಲ್ಲಿ, 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ. ಕಪ್, ಚಮಚದ ಅಳತೆಯಲ್ಲಿ ಪ್ರಿಸರ್ವೇಟಿವ್ ಹಾಕೋಕಾಗಲ್ಲ.

ಡಿಸ್ಟಿಲ್ಡ್ ವಾಟರ್ 140.6
ಗ್ಲಿಸರಿನ್ 8
ಜಾಂಥನ್ ಗಮ್ (ಮಂದ ಮಾಡುವ ಪುಡಿ) 0.4
ಸೂರ್ಯಕಾಂತಿ ಎಣ್ಣೆ 30
ಶಿಯಾ ಬೆಣ್ಣೆ 6
ಎಮಲ್ಸಿಫೈಯಿಂಗ್ ವ್ಯಾಕ್ಸ್ (ಸೀಟಿಯರಿಲ್ ಆಲ್ಕೋಹಾಲ್, ಪಾಲಿಸಾರ್ಬೇಟ್ 60 ಇರುವಂಥದ್ದು) 12
ವಿಟಮಿನ್ ಇ 1
ಫೀನಾಕ್ಸಿಎಥನಾಲ್, ಎಥಿಲ್‌ಹೆಕ್ಸಿಲ್‌ಗ್ಲಿಸರಿನ್ ಜೋಡಿ (ಪ್ರಿಸರ್ವೇಟಿವ್) 2

ವಸುಧಾ, 8:44
ಕೊಬ್ಬರಿ ಎಣ್ಣೆ ಯಾಕೆ ಬಿಟ್ಟೆ?

ನಫೀಸಾ, 8:47
ಬೇಕಿದ್ದರೆ 30ರಲ್ಲಿ 8 ಗ್ರಾಂ ಅದನ್ನೇ ಹಾಕು. ಪೂರ್ತಿ ಬೇಡ, 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತೆ, ಚಳಿಯಲ್ಲಿ ಪಂಪ್‌ನಿಂದ ಲೋಷನ್ ಹೊರಗೆ ಬರಲ್ಲ. ಸೂರ್ಯಕಾಂತಿ ಎಣ್ಣೆಯ ಲಿನೊಲೆಯಿಕ್ ಆಮ್ಲ ಒಣ ಚರ್ಮಕ್ಕೆ ಒಳ್ಳೇದು. ಆಲಿವ್ ಎಣ್ಣೆಯಲ್ಲಿ ಒಲೆಯಿಕ್ ಆಮ್ಲವೇ ಜಾಸ್ತಿ, ಅದು ಚರ್ಮದ ತಡೆಗೋಡೆಯನ್ನು ಸಡಿಲ ಮಾಡುತ್ತೆ. ಎಸ್ಜಿಮಾ ಇರೋರಿಗೆ ಬೇಡವೇ ಬೇಡ.

ನಫೀಸಾ, 9:02
ಮಾಡೋ ಕ್ರಮ ಬರೀತೀನಿ. ಪಾತ್ರೆ, ಸೌಟು, ಬಾಟಲಿ ತೊಳೆದು ಒಣಗಿಸಿ 70% ಐಸೊಪ್ರೊಪೈಲ್ ಆಲ್ಕೋಹಾಲ್ ಸಿಂಪಡಿಸಿ ಹಾಗೇ ಆರಲು ಬಿಡಿ. ಮತ್ತೆ ನೀರಲ್ಲಿ ತೊಳೆದರೆ ಮಾಡಿದ್ದೆಲ್ಲ ವ್ಯರ್ಥ. 99% ಇನ್ನೂ ಒಳ್ಳೇದು ಅಂದುಕೋಬೇಡಿ, ಪ್ರೋಟೀನ್ ಕೆಡಿಸೋಕೆ ಸ್ವಲ್ಪ ನೀರು ಬೇಕು, ಅಲ್ಲದೆ ಅದು ಬಲು ಬೇಗ ಆರಿಹೋಗುತ್ತೆ.

ಜಾಂಥನ್ ಗಮ್‌ನ ಮೊದಲು ಗ್ಲಿಸರಿನ್‌ನಲ್ಲಿ ಕದಡಿ, ಆಮೇಲೆ ನೀರಿಗೆ. ನೇರ ನೀರಿಗೆ ಉದುರಿಸಿದರೆ ಮೀನಿನ ಕಣ್ಣಿನಂಥ ಗಂಟುಗಳು, ಎಷ್ಟು ತಿರುವಿದರೂ ಒಡೆಯಲ್ಲ. ನೀರಿನ ಪಾತ್ರೆ ಒಂದು, ಎಣ್ಣೆ, ಶಿಯಾ, ವ್ಯಾಕ್ಸ್ ಸೇರಿದ ಪಾತ್ರೆ ಒಂದು. ಎರಡನ್ನೂ ಬಿಸಿನೀರಿನ ಪಾತ್ರೆಯೊಳಗಿಟ್ಟು 70ರಿಂದ 75 ಡಿಗ್ರಿಗೆ ತಂದು 20 ನಿಮಿಷ ಅಲ್ಲೇ ಇಡಿ. ನೀರಿನ ಪಾತ್ರೆಯನ್ನು ಮೊದಲೇ ತೂಗಿ ಬರೆದಿಟ್ಟುಕೊಳ್ಳಿ. ಆವಿಯಾಗಿ 8–10 ಗ್ರಾಂ ಹೋದರೂ ಅಳತೆ ತಪ್ಪುತ್ತೆ. ಹೋದಷ್ಟು ಬಿಸಿ ಡಿಸ್ಟಿಲ್ಡ್ ವಾಟರ್ ಮತ್ತೆ ಸೇರಿಸಿ.

ಎರಡೂ ಒಂದೇ ಬಿಸಿಯಲ್ಲಿರುವಾಗ ಎಣ್ಣೆಯನ್ನು ನೀರಿಗೆ ಸುರಿದು ಹ್ಯಾಂಡ್ ಬ್ಲೆಂಡರ್ ಇಡಿ. ಅದರ ತಲೆ ಪೂರ್ತಿ ಮುಳುಗಿರಲಿ, ಮೇಲಕ್ಕೆ ಎತ್ತಿದರೆ ಗಾಳಿ ಸೇರಿ ಲೋಷನ್ ಉಬ್ಬುತ್ತೆ. 20 ಸೆಕೆಂಡ್ ತಿರುಗಿಸಿ, ಒಂದು ನಿಮಿಷ ಸೌಟಲ್ಲಿ ಕಲಕಿ, ಮತ್ತೆ 20 ಸೆಕೆಂಡ್. ಹೀಗೆ ನಾಲ್ಕೈದು ಸಲ. ಹಳದಿ ಎಣ್ಣೆಯ ವೃತ್ತಗಳು ಒಂದೊಂದಾಗಿ ಮಾಯವಾಗಿ ಪಾತ್ರೆಯೆಲ್ಲ ಏಕಬಿಳುಪಾಗುತ್ತೆ, ಆದರೆ ಆಗಲೂ ನೀರಿನಷ್ಟೇ ತೆಳ್ಳಗಿರುತ್ತೆ. ಗಾಬರಿಯಾಗಿ ವ್ಯಾಕ್ಸ್ ಹೆಚ್ಚು ಹಾಕಬೇಡಿ! 45 ಡಿಗ್ರಿಗೆ ಇಳಿಯುವಾಗ ಮಂದವಾಗೋಕೆ ಶುರು, ಮರುದಿನ ಬೆಳಿಗ್ಗೆ ನಿಜವಾದ ಹದ. ಪ್ರಿಸರ್ವೇಟಿವ್ ಮತ್ತು ವಿಟಮಿನ್ ಇ 40 ಡಿಗ್ರಿಗೆ ಇಳಿದ ಮೇಲೆ ಹಾಕಿ, ಚೆನ್ನಾಗಿ ಕಲಕಿ.

ಚಂದ್ರು, 9:06
ಅಷ್ಟು ಹೊತ್ತು ಬ್ಲೆಂಡರ್ ಯಾಕೆ? ಸೌಟಲ್ಲಿ ಕಲಕಿದರೆ ಸಾಲದಾ?

ನಫೀಸಾ, 9:09
ಸಾಲದು. ಎಣ್ಣೆಹನಿ ಮೇಲೆ ತೇಲಿ ಬರುವ ವೇಗ ಅದರ ವ್ಯಾಸದ ವರ್ಗಕ್ಕೆ ತಕ್ಕಂತೆ, ಸ್ಟೋಕ್ಸ್ ನಿಯಮ. ಹನಿ ಅರ್ಧದಷ್ಟಾದರೆ ವೇಗ ಕಾಲು ಭಾಗ. ಸೌಟಲ್ಲಿ ಆ ಸಣ್ಣ ಹನಿ ಆಗಲ್ಲ. ಮೇಲೆ ಕೆನೆಯಂತೆ ತೇಲಿದ್ದು ಅಲುಗಾಡಿಸಿದರೆ ಸೇರುತ್ತೆ, ಪರವಾಗಿಲ್ಲ. ಆದರೆ ಎಣ್ಣೆಯೇ ಪದರವಾಗಿ ನಿಂತರೆ ಅದು ಒಡೆದಿದೆ. ಮತ್ತೆ 70ಕ್ಕೆ ಬಿಸಿ ಮಾಡಿ 2 ಗ್ರಾಂ ವ್ಯಾಕ್ಸ್ ಸೇರಿಸಿ ಬ್ಲೆಂಡ್ ಮಾಡಬಹುದು, ಪ್ರಿಸರ್ವೇಟಿವ್ ಹಾಕೋ ಮೊದಲಾದರೆ ಮಾತ್ರ. ಹಾಕಿದ ಮೇಲೆ ಒಡೆದದ್ದಾದರೆ ಬಿಸಾಡಿ.

ಹಚ್ಚಿದಾಗ ಬಿಳಿ ನೊರೆ ಕಟ್ಟಿದರೆ ವ್ಯಾಕ್ಸ್ ಜಾಸ್ತಿಯಾಗಿದೆ, ಮುಂದಿನ ಸಲ 10 ಗ್ರಾಂಗೆ ಇಳಿಸಿ. ಕೈಗೆ ಮರಳಿನ ಹಾಗೆ ತಾಗಿದರೆ ಶಿಯಾ ನಿಧಾನವಾಗಿ ತಣಿದು ಹರಳುಗಟ್ಟಿದೆ, ಪೂರ್ತಿ ಕರಗಿಸಿ ತಣ್ಣೀರಿನ ಪಾತ್ರೆಯಲ್ಲಿಟ್ಟು ಬೇಗ ತಣಿಸಬೇಕು.

ವಸುಧಾ, 9:15
ಫೀನಾಕ್ಸಿಎಥನಾಲ್ ಬೇಡ ಅನ್ನೋರಿಗೆ ಸೋಡಿಯಂ ಬೆಂಜೋಯೇಟ್, ಪೊಟ್ಯಾಸಿಯಂ ಸಾರ್ಬೇಟ್ ಹೇಳಬಹುದಲ್ಲ? ಜನರಿಗೆ ಪರಿಚಯದ ಹೆಸರು, ಹೆದರಿಕೆಯೂ ಕಡಿಮೆ.

ಗಿರೀಶ, 9:22
ಹೇಳಬಹುದು, ಪಿಎಚ್ (ಹುಳಿಯ ಮಟ್ಟ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ಅಳೆಯೋರಿಗೆ ಮಾತ್ರ. ಕೆಲಸ ಮಾಡೋದು ಆಮ್ಲ ರೂಪ, ಲವಣ ರೂಪವಲ್ಲ. ಬೆಂಜೋಯಿಕ್ ಆಮ್ಲದ ಪಿಕೆಎ, ಅಂದರೆ ಎರಡೂ ರೂಪ ಸರಿಸಮವಾಗಿರುವ ಪಿಎಚ್, 4.2. ಪಿಎಚ್ 4.5ರಲ್ಲಿ ಮೂರರಲ್ಲಿ ಒಂದು ಪಾಲು ಆಮ್ಲ ರೂಪದಲ್ಲಿರುತ್ತೆ, 5.5ಕ್ಕೆ ಹೋದರೆ 5% ಕೂಡ ಇರಲ್ಲ. ಅಂದರೆ ಹಾಕಿಯೂ ಹಾಕದ ಹಾಗೆ. ಸಾರ್ಬಿಕ್ ಪರವಾಗಿಲ್ಲ, 5ರಲ್ಲಿ 36%ರಷ್ಟು. ಸಿಟ್ರಿಕ್ ಆಮ್ಲದ 10% ದ್ರಾವಣ ಹನಿಹನಿಯಾಗಿ ಹಾಕಿ, 0.5 ಅಂತರ ತೋರಿಸುವ ಪಿಎಚ್ ಪಟ್ಟಿಯಲ್ಲಿ ನೋಡಿ, 5ರೊಳಗೆ ತರಬೇಕು. ನಿಂಬೆರಸ ಹಿಂಡೋದು ಬೇಡ, ಅದರ ಆಮ್ಲ ಒಂದೊಂದು ಹಣ್ಣಿಗೂ ಬೇರೆ ಬೇರೆ, ಬಿಸಿಲಿಗೆ ಹೋದರೆ ಚರ್ಮ ಸುಡುವುದೂ ಉಂಟು.

ವಸುಧಾ, 9:30
ಒಪ್ಪಿದೆ. ಆದರೆ ನನ್ನ ಮೂಲ ಪ್ರಶ್ನೆ ಹಾಗೇ ಉಳೀತು. ಪ್ರಿಸರ್ವೇಟಿವ್ ಅಂದರೇ ಚರ್ಮ ಕೆರಳೋ ಜನ ಇದ್ದಾರೆ. ಎಳೆ ಮಗುವಿಗೆ ಅದನ್ನು ಹಚ್ಚಿ ಅಂತ ನಾನು ಹೇಳಲ್ಲ. ಅವರಿಗೆ ಏನು ಕೊಡೋಣ?

ನಫೀಸಾ, 9:36
ಅವರಿಗೆ ಲೋಷನ್ನೇ ಬೇಡ ವಸು. ನೀರು ತೆಗೆದುಬಿಡು, ಪ್ರಿಸರ್ವೇಟಿವ್ ತಾನಾಗಿ ಹೋಗುತ್ತೆ. 100 ಗ್ರಾಂ ಬಾಮ್‌ಗೆ ಸೂರ್ಯಕಾಂತಿ ಎಣ್ಣೆ 64.5, ಶಿಯಾ 20, ಜೇನುಮೇಣ 15, ವಿಟಮಿನ್ ಇ 0.5. 70ರಲ್ಲಿ ಕರಗಿಸಿ, ಸ್ವಲ್ಪ ಆರಿದ ಮೇಲೆ ವಿಟಮಿನ್ ಇ ಕಲಕಿ, 50ರ ಹತ್ತಿರ ಡಬ್ಬಿಗೆ ಸುರಿ. ಮೆತ್ತಗೆ ಬೇಕಿದ್ದರೆ ಮೇಣ 10, ಎಣ್ಣೆ 69.5. ಜೇನುಮೇಣ ಇಲ್ಲಿ ತನ್ನ ಜಾಗದಲ್ಲಿದೆ, ನೋಡು.

ನೀರು ಚರ್ಮದಲ್ಲೇ ಇರಬೇಕು. ಸ್ನಾನವಾದ 3 ನಿಮಿಷದೊಳಗೆ, ಒತ್ತಿ ಒರೆಸಿ, ತೇವ ಇರುವಾಗಲೇ ತೆಳ್ಳಗೆ ಸವರಬೇಕು. ಒಣಗಿದ ಮೇಲೆ ಹಚ್ಚಿದರೆ ಜಿಡ್ಡು ಮಾತ್ರ ಉಳಿಯುತ್ತೆ. ಒದ್ದೆ ಬೆರಳು ಡಬ್ಬಿಗೆ ಹಾಕಬಾರದು, ಹಾಕಿದರೆ ಇಲ್ಲೂ ನೀರು ಸೇರಿದ ಹಾಗೇ. ಚಿಕ್ಕ ಚಪ್ಪಟೆ ಕಡ್ಡಿ ಇಟ್ಟುಕೊಳ್ಳಲಿ.

ಗಿರೀಶ, 9:40
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಎಳೆ ಮಗುವಿನದ್ದಾದರೆ ಸುಗಂಧ ತೈಲ ಒಂದು ಹನಿಯೂ ಬೇಡ. ಚರ್ಮ ಒಸರುತ್ತಿದ್ದರೆ, ಒಡೆದು ರಕ್ತ ಬರುತ್ತಿದ್ದರೆ ಯಾವ ಮನೆಮದ್ದೂ ಬೇಡ, ಡಾಕ್ಟರಿಗೆ ತೋರಿಸಲಿ.

ವಸುಧಾ, 9:48
ಹಾಗಾದರೆ ಆ ಫಾರ್ವರ್ಡ್ ಅಳಿಸ್ತೀನಿ. ಇದನ್ನು ಕಳಿಸೋಣವಾ, ತಿದ್ದಿ: “ಒಣ ಚರ್ಮಕ್ಕೆ ನೀರಿಲ್ಲದ ಬಾಮ್. ಅಳತೆ ತೂಕದಲ್ಲಿ. ಮೊಣಕೈ ಒಳಬದಿಗೆ ಹಚ್ಚಿ 48 ಗಂಟೆ ನೋಡಿ. ಕೆಂಪಾದರೆ, ತುರಿಕೆ ಬಂದರೆ ಬಿಡಿ. 6 ತಿಂಗಳು ಬಳಸಬಹುದು. ನೀರು, ಲೋಳೆಸರ, ಗುಲಾಬಿ ಜಲ ಯಾವುದನ್ನೂ ಸೇರಿಸಬೇಡಿ. ಅವು ಸೇರಿದರೆ ಪ್ರಿಸರ್ವೇಟಿವ್ ಬೇಕೇ ಬೇಕು.” ಲೋಷನ್ ಅಳತೆಯನ್ನು ಕೇಳಿದವರಿಗೆ ಬೇರೆಯಾಗಿ ಕಳಿಸ್ತೀನಿ, ಪ್ರಿಸರ್ವೇಟಿವ್‌ನ ಪೂರ್ತಿ ಹೆಸರು ಬಾಟಲಿ ಮೇಲೆ ಬರೀಬೇಕು ಅನ್ನೋ ಮಾತಿನ ಜೊತೆಗೆ. ಅಲರ್ಜಿಯಾದರೆ ಯಾವುದರಿಂದ ಅಂತ ಗೊತ್ತಾಗಬೇಕಲ್ಲ.

ನಫೀಸಾ, 9:52
“6 ತಿಂಗಳು” ತೆಗಿ. ಎಣ್ಣೆ ಎಷ್ಟು ಹಳೆಯದು ಅನ್ನೋದರ ಮೇಲೆ ಅದು ನಿಂತಿದೆ. “ಹೊಸದಾಗಿ ತೆರೆದ ಎಣ್ಣೆ ಬಳಸಿ, ಮಾಡಿದ ದಿನಾಂಕ ಡಬ್ಬಿ ಮೇಲೆ ಬರೆಯಿರಿ, ಕಮಟು ವಾಸನೆ ಬಂದ ದಿನ ಬಿಸಾಡಿ” ಅಂತ ಹಾಕು.

ವಸುಧಾ, 9:54
ತಿದ್ದಿದೆ. ಈಗ ಕಳಿಸ್ತಿದ್ದೀನಿ.